‘ನಾವು’ ಎಂದು ಕೂಗಿದ ಮೇಲೆ: ಪೆನ್ ಸ್ಟೇಟ್ ತಂಡದ ಅಭಿಮಾನ ಉಳಿಸಿಕೊಳ್ಳುವುದು ಸರಿಯೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ

ಎಲ್ಲರಿಗೂ ನಮಸ್ಕಾರ. 2004ರಿಂದ 2006ರವರೆಗೆ ನಾನು ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ವಿಜ್ಞಾನ ಓದಿದೆ. ಊರಿಗೆ ಮರಳಿ ತೋಟ ನೋಡಿಕೊಂಡಿದ್ದರೂ ಅಲ್ಲಿಂದ ತಂದ ಒಂದು ಹುಚ್ಚು ಇನ್ನೂ ಬಿಟ್ಟಿಲ್ಲ, ಅದು ಅಲ್ಲಿನ ಫುಟ್‌ಬಾಲ್. ನಮ್ಮ ಶಾಲೆಗಳಲ್ಲಿ ಆಡುವ ಕಾಲ್ಚೆಂಡಾಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವಚಿಕೊಂಡು ಓಡುವ ಆಟ. ಅಲ್ಲಿ ಶನಿವಾರ ರಾತ್ರಿ ಏಳೂವರೆಗೆ ಪಂದ್ಯ ಶುರುವಾದರೆ ಇಲ್ಲಿ ಭಾನುವಾರ ಬೆಳಗಿನ ಐದು ಗಂಟೆ. ಅಕ್ಟೋಬರಿನಲ್ಲಿ ಕೊಯ್ಲು ಆರಂಭವಾದರೆ, ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಬೆಂಕಿ ಹಾಕಿ, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಮೊಬೈಲನ್ನು ಕಂಬಕ್ಕೆ ಒರಗಿಸಿಟ್ಟು, ಸಿಂಹದ ಗುರುತಿನ ನೀಲಿ ಸ್ವೆಟರ್ ಹಾಕಿಕೊಂಡು ನೋಡುತ್ತೇನೆ.

2005ರ ಅಕ್ಟೋಬರ್ 8ರಂದು ಓಹಾಯೊ ಸ್ಟೇಟ್ ತಂಡವನ್ನು ನಾವು 17–10ರಿಂದ ಸೋಲಿಸಿದಾಗ ನಾನು ಬೀವರ್ ಸ್ಟೇಡಿಯಂನಲ್ಲಿದ್ದೆ. ಒಂದು ಲಕ್ಷಕ್ಕೂ ಹೆಚ್ಚು ಜನ. ಒಂದು ಬದಿಯವರು ‘ವೀ ಆರ್’ ಎಂದು ಕೂಗಿದರೆ ಎದುರು ಬದಿಯವರು ‘ಪೆನ್ ಸ್ಟೇಟ್’ ಎನ್ನುತ್ತಾರೆ. ಆ ಕೂಗು ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ. ಹೊರದೇಶದಲ್ಲಿ ಒಂಟಿಯಾಗಿದ್ದ ನನ್ನನ್ನು ‘ನಾವು’ ಎಂಬ ಮಾತಿನೊಳಗೆ ಮೊದಲು ಸೇರಿಸಿಕೊಂಡದ್ದು ಆ ಮೈದಾನ.

ಮಗಳು ಶಿವಮೊಗ್ಗದಲ್ಲಿ ಕಾನೂನು ಓದುತ್ತಿದ್ದಾಳೆ. ಕಳೆದ ವಾರ ಪೋಕ್ಸೊ ಕಾಯ್ದೆಯ ಪಾಠ ಓದುವಾಗ ಜೆರ್ರಿ ಸ್ಯಾಂಡಸ್ಕಿಯ ಪ್ರಕರಣವನ್ನು ಎಲ್ಲೋ ನೋಡಿದಳಂತೆ. ನಮ್ಮ ತಂಡದಲ್ಲಿ ದಶಕಗಳ ಕಾಲ ಸಹಾಯಕ ಕೋಚ್ ಆಗಿದ್ದ ಅವನು 1977ರಲ್ಲಿ ಬಡ ಮಕ್ಕಳಿಗೆಂದು ‘ದಿ ಸೆಕೆಂಡ್ ಮೈಲ್’ ಎಂಬ ಸಂಸ್ಥೆ ಕಟ್ಟಿ, ಅಲ್ಲಿಗೆ ಬಂದ ಹುಡುಗರ ಮೇಲೆಯೇ ಲೈಂಗಿಕ ದೌರ್ಜನ್ಯ ನಡೆಸಿದವನು. 2011ರ ನವೆಂಬರಿನಲ್ಲಿ ಬಂಧನವಾಯಿತು. 2012ರ ಜೂನ್ 22ರಂದು 48 ಆರೋಪಗಳಲ್ಲಿ 45 ಸಾಬೀತಾಗಿ, ಅಕ್ಟೋಬರಿನಲ್ಲಿ 30ರಿಂದ 60 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಅವಳು ಕೇಳಿದ್ದು ಬೇರೆ: “ಅಪ್ಪಯ್ಯ, ನೀವು ಆ ಸ್ಟೇಡಿಯಂನಲ್ಲಿ ಕೂಗುತ್ತಿದ್ದ ವರ್ಷ ಅವನೂ ಅದೇ ಕ್ಯಾಂಪಸ್ಸಿನಲ್ಲಿ ಗೌರವಸ್ಥನಾಗಿ ಓಡಾಡಿಕೊಂಡಿದ್ದನಲ್ಲವೆ?”

ಓಡಾಡಿಕೊಂಡಿದ್ದ. ಆ ಸ್ವೆಟರ್ ಅಂದಿನಿಂದ ಗೂಟದಲ್ಲೇ ಇದೆ. ತಂಡವನ್ನು ಬಿಟ್ಟುಬಿಡಬೇಕೆ? ಬಿಟ್ಟರೆ ಅದು ನಿಜವಾದ ತಪ್ಪೊಪ್ಪಿಗೆಯೋ, ಕೈ ತೊಳೆದುಕೊಳ್ಳುವ ಸುಲಭದ ದಾರಿಯೋ? ಯೋಚಿಸಿ ಬರೆಯಿರಿ.

ಉತ್ತರ: ಸಾಗರದ ದೈಹಿಕ ಶಿಕ್ಷಕ

ಬೆಳೆಗಾರರೇ, ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದವನಾಗಿ ಹೇಳುತ್ತೇನೆ, ತಂಡವನ್ನು ಬಿಡಬೇಡಿ. ಆ ಅಪರಾಧ ನಡೆದಾಗ ಆಡುತ್ತಿದ್ದ ಹುಡುಗರಿಗೆ ಅದರ ಸುಳಿವೂ ಇರಲಿಲ್ಲ. 2012ರ ಜುಲೈನಲ್ಲಿ ಕಾಲೇಜು ಕ್ರೀಡೆಗಳ ಮಂಡಳಿಯಾದ ಎನ್‌ಸಿಎಎ 6 ಕೋಟಿ ಡಾಲರ್ ದಂಡ ಹಾಕಿ, ನಾಲ್ಕು ವರ್ಷ ಋತುವಿನ ಕೊನೆಯ ‘ಬೌಲ್’ ಪಂದ್ಯಗಳಿಗೆ ನಿಷೇಧ ಹೇರಿ, ವಿದ್ಯಾರ್ಥಿವೇತನಗಳನ್ನು ಕಡಿತಗೊಳಿಸಿದಾಗ ಆ ಹೊರೆ ಬಿದ್ದದ್ದು ಹತ್ತೊಂಬತ್ತು ಇಪ್ಪತ್ತರ ಪ್ರಾಯದವರ ಹೆಗಲಿಗೆ. ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಕೂಡಲೇ ಆಡಬಹುದೆಂದು ಅನುಮತಿ ಕೊಟ್ಟರೂ ಹೆಚ್ಚಿನವರು ಉಳಿದರು. ಗೆದ್ದರೂ ಮುಂದೆ ಬಹುಮಾನವಿಲ್ಲವೆಂದು ಗೊತ್ತಿದ್ದೇ ಆಡಿ, ಆ ವರ್ಷ ಎಂಟು ಪಂದ್ಯ ಗೆದ್ದು ನಾಲ್ಕು ಸೋತರು. ಅವರಿಗೆ ಬೆನ್ನು ತೋರಿಸುವುದು ಯಾವ ನ್ಯಾಯ?

ಅಭಿಮಾನಿಗಳ ವಿಷಯದಲ್ಲೂ ಒಂದು ಮಾತಿದೆ. ಬಂಧನದ ಮರುವಾರ, 2011ರ ನವೆಂಬರ್ 12ರಂದು ನೆಬ್ರಾಸ್ಕ ವಿರುದ್ಧದ ಪಂದ್ಯಕ್ಕೆ ಮೊದಲು ಎರಡೂ ತಂಡದವರು ಮೈದಾನದ ನಡುವೆ ಒಟ್ಟಾಗಿ ಮಂಡಿಯೂರಿದರು. ದೌರ್ಜನ್ಯಕ್ಕೊಳಗಾದ ಮಕ್ಕಳನ್ನು ನೆನೆದು ಪ್ರೇಕ್ಷಕರು ನೀಲಿ ಬಟ್ಟೆ ತೊಟ್ಟು ಬಂದಿದ್ದರು. ಹಳೆಯ ವಿದ್ಯಾರ್ಥಿಗಳು ಸಂತ್ರಸ್ತರಿಗೆ ನೆರವಾಗುವ ರಾಷ್ಟ್ರೀಯ ಸಂಸ್ಥೆಯೊಂದಕ್ಕೆ ಲಕ್ಷಾಂತರ ಡಾಲರ್ ಕೂಡಿಸಿದರು. ಅಂದು ಪೆನ್ ಸ್ಟೇಟ್ 17–14ರಿಂದ ಸೋತಿತು. ನಿಷ್ಠೆಯನ್ನು ಹೀಗೂ ತೋರಿಸಬಹುದು ಎಂಬುದಕ್ಕೆ ನಾನು ಆ ದಿನವನ್ನು ನೆನೆಯುತ್ತೇನೆ.

ಉತ್ತರ: ಶಿವಮೊಗ್ಗದ ವಕೀಲೆ

ದೈಹಿಕ ಶಿಕ್ಷಕರು ನವೆಂಬರ್ 12ನ್ನು ನೆನಪಿಸಿದರು. ಅದಕ್ಕೆ ಮೂರು ದಿನ ಹಿಂದಿನ ರಾತ್ರಿಯನ್ನು ನಾನು ನೆನಪಿಸಬೇಕಾಗಿದೆ. ನವೆಂಬರ್ 9ರಂದು ಟ್ರಸ್ಟಿಗಳ ಮಂಡಳಿ ಮುಖ್ಯ ಕೋಚ್ ಜೋ ಪಟರ್ನೊ ಅವರನ್ನು ತೆಗೆದುಹಾಕಿದ ಸುದ್ದಿ ತಿಳಿದೊಡನೆ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದು ಟಿವಿ ವಾಹಿನಿಯ ವ್ಯಾನನ್ನು ಮಗುಚಿ ಹಾಕಿದರು. ಮಕ್ಕಳ ಮೇಲಿನ ದೌರ್ಜನ್ಯದ ವಿವರ ಹೊರಬಿದ್ದ ದಿನ ಅವರ ಸಿಟ್ಟು ಬೀದಿಗೆ ಬಂದಿರಲಿಲ್ಲ, ಕೋಚ್‌ನ ಕೆಲಸ ಹೋದ ದಿನ ಬಂದಿತು. ಅಭಿಮಾನವನ್ನು ಅಳೆಯಬೇಕಾದರೆ ನಾನು ಅಲ್ಲಿಂದ ಅಳೆಯುತ್ತೇನೆ.

ಈ ಪ್ರಕರಣದಲ್ಲಿ ಅಪರಾಧಿ ಒಬ್ಬನೇ ಇರಬಹುದು, ಆದರೆ ಅವನಿಗೆ ಅಷ್ಟು ವರ್ಷಗಳ ಅವಕಾಶ ಒದಗಿಸಿದ್ದು ನಿಷ್ಠೆ. 1998ರಲ್ಲಿ ಒಬ್ಬ ತಾಯಿ ವಿಶ್ವವಿದ್ಯಾಲಯದ ಪೊಲೀಸರಿಗೆ ದೂರು ಕೊಟ್ಟಿದ್ದರು, ಮೊಕದ್ದಮೆ ಆಗಲಿಲ್ಲ. 1999ರಲ್ಲಿ ನಿವೃತ್ತನಾದ ಮೇಲೂ ಅವನಿಗೆ ಕ್ರೀಡಾ ಕಟ್ಟಡಗಳ ಬಾಗಿಲು ತೆರೆದೇ ಇತ್ತು. 2000ದಲ್ಲಿ ಸ್ನಾನದ ಮನೆ ಶುಚಿ ಮಾಡುವ ಕೆಲಸಗಾರನೊಬ್ಬ ಕಣ್ಣಾರೆ ಕಂಡದ್ದನ್ನು ಜೊತೆಯವರಿಗೆ ನಡುಗುತ್ತಾ ಹೇಳಿದನಂತೆ, ಆದರೆ ಕೆಲಸ ಹೋದೀತೆಂಬ ಭಯಕ್ಕೆ ಯಾರೂ ದೂರು ಕೊಡಲಿಲ್ಲ. ವಿಶ್ವವಿದ್ಯಾಲಯದ ಕೋರಿಕೆಯಂತೆ ಇದರ ತನಿಖೆ ನಡೆಸಿದ, ಎಫ್‌ಬಿಐನ ಮಾಜಿ ನಿರ್ದೇಶಕ ಲೂಯಿ ಫ್ರೀ ಅವರ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಕೆಲಸಗಾರರ ಭಯ. ಕಸ ಗುಡಿಸುವವನಿಗೂ ಗೊತ್ತಿತ್ತು, ಅಲ್ಲಿ ಫುಟ್‌ಬಾಲಿನ ಎದುರು ಬಾಯಿ ಬಿಟ್ಟರೆ ಉಳಿಗಾಲವಿಲ್ಲವೆಂದು. ಆ ಭಯವನ್ನು ಆಡಳಿತ ಮಂಡಳಿಯೊಂದೇ ಹುಟ್ಟಿಸಿರಲಿಲ್ಲ, ಶನಿವಾರದ ಲಕ್ಷ ಜನರ ಕೂಗೂ ಅದರಲ್ಲಿ ಸೇರಿತ್ತು.

ಇದು ದೂರದ ಅಮೆರಿಕದ ಕಥೆಯಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಬ್ಬ ತಾಯಿ ನನ್ನ ಕಚೇರಿಗೆ ಬಂದಿದ್ದರು. ಹಿಂದಿನ ರಾತ್ರಿ ಊರಿನ ಮೂವರು ಹಿರಿಯರು ಅವರ ಮನೆಗೆ ಬಂದು, ಜಗಲಿಯಲ್ಲಿ ಕುಳಿತು ಕಾಫಿ ಕುಡಿದು, “ಮೇಷ್ಟ್ರು ಊರಿಗೆ ಎಷ್ಟೊಂದು ಮಾಡಿದ್ದಾರೆ, ನೀನೇ ಯೋಚನೆ ಮಾಡಮ್ಮ” ಎಂದು ಹೇಳಿ ಹೋಗಿದ್ದರಂತೆ. ಗದರಿಸಿರಲಿಲ್ಲ, ಬೆದರಿಸಿರಲಿಲ್ಲ. ಮಾತು ಮುಗಿಯುವವರೆಗೂ ಆಕೆ ಮಗುವಿನ ಶಾಲೆಯ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು. ‘ನಮ್ಮವರು’ ಎಂಬ ಮಾತು ಎಷ್ಟು ಭಾರವೆಂಬುದನ್ನು ನಾನು ಅಂದು ಕಂಡೆ.

ನಮ್ಮ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ಅದರ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆಯೆಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. 21ನೇ ಕಲಮಿನಂತೆ ತಿಳಿಸದಿದ್ದರೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಮೇಲಧಿಕಾರಿಗೆ ಹೇಳಿ ಸುಮ್ಮನಾದೆ ಎಂಬ ಸಮಾಧಾನಕ್ಕೆ ಈ ಕಾಯ್ದೆಯಲ್ಲಿ ಜಾಗವಿಲ್ಲ.

ಉತ್ತರ: ಹೊಸನಗರದವರು, ಈಗ ಪೆನ್ಸಿಲ್ವೇನಿಯಾದಲ್ಲಿ

ವಕೀಲೆಯವರ ಕೊನೆಯ ವಾಕ್ಯ ಪಟರ್ನೊ ಅವರನ್ನೇ ಕುರಿತದ್ದೆಂದು ತಿಳಿದು ಬರೆಯುತ್ತಿದ್ದೇನೆ. 2001ರ ಫೆಬ್ರವರಿಯಲ್ಲಿ ಯುವ ಸಹಾಯಕನೊಬ್ಬ ಸ್ನಾನದ ಮನೆಯಲ್ಲಿ ಕಂಡದ್ದನ್ನು ಮರುದಿನವೇ ಬಂದು ತಿಳಿಸಿದಾಗ ಪಟರ್ನೊ ಅದನ್ನು ಕ್ರೀಡಾ ನಿರ್ದೇಶಕರಿಗೆ ಮುಟ್ಟಿಸಿದರು. ಅವರ ಮೇಲೆ ಯಾವ ಮೊಕದ್ದಮೆಯೂ ಹೂಡಲಾಗಲಿಲ್ಲ. ಅವರೂ ವಿಷಯ ಮುಚ್ಚಿಟ್ಟರೆಂಬ ಫ್ರೀ ವರದಿಯನ್ನು ಪಟರ್ನೊ ಕುಟುಂಬ ಒಪ್ಪಿಲ್ಲ. ಇಲ್ಲಿ ನನ್ನ ನೆರೆಹೊರೆಯಲ್ಲಿ ಒಪ್ಪದವರು ಬಹಳ ಮಂದಿ ಇದ್ದಾರೆ. ಕ್ರೀಡಾ ನಿರ್ದೇಶಕ, ಉಪಾಧ್ಯಕ್ಷ ಇಬ್ಬರೂ 2017ರಲ್ಲಿ ಮಕ್ಕಳನ್ನು ಅಪಾಯಕ್ಕೊಡ್ಡಿದ ತಪ್ಪನ್ನು ಒಪ್ಪಿಕೊಂಡರು, ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಗ್ರಹಾಂ ಸ್ಪಾನಿಯರ್ ಅವರನ್ನು ಜೂರಿ ಅದೇ ವರ್ಷ ತಪ್ಪಿತಸ್ಥರೆಂದಿತು.

ಹೀಗಿದ್ದರೂ, ಇಷ್ಟು ವರ್ಷ ಇಲ್ಲಿದ್ದು ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. 1966ರಿಂದ 2011ರವರೆಗೆ ತಂಡ ನಡೆಸಿದ ಪಟರ್ನೊ ಬಯಸಿದ್ದರೆ ಒಂದು ಫೋನ್ ಕರೆಯಲ್ಲಿ ಪೊಲೀಸರನ್ನು ಬಾಗಿಲಿಗೆ ತರಿಸಬಹುದಿತ್ತು. ಇನ್ನೂ ಹೆಚ್ಚು ಮಾಡಬೇಕಾಗಿತ್ತೆಂದು ಕೊನೆಗೆ ಅವರೇ ಹೇಳಿದರು. 2012ರ ಜನವರಿ 22ರಂದು ತೀರಿಕೊಂಡರು. ಜುಲೈನಲ್ಲಿ ಸ್ಟೇಡಿಯಂ ಹೊರಗಿದ್ದ ಅವರ ಪ್ರತಿಮೆಯನ್ನು ತೆಗೆದರು. ಆದರೆ ಅವರೂ ಅವರ ಪತ್ನಿಯೂ ನಿಂತು ಹಣ ಕೂಡಿಸಿದ ಗ್ರಂಥಾಲಯದ ಮೇಲೆ ಅವರ ಹೆಸರು ಇಂದಿಗೂ ಇದೆ, ನನ್ನ ಮಗ ಅಲ್ಲಿಯೇ ಕುಳಿತು ಓದಿದ. ಪ್ರತಿಮೆ ಹೋದದ್ದೂ ಗ್ರಂಥಾಲಯ ಉಳಿದದ್ದೂ ಎರಡೂ ಸರಿಯೆಂದು ನನಗೆ ತೋರುತ್ತದೆ. ಪ್ರತಿಮೆಯ ಎದುರು ನಿಂತವರು ಕೈ ಮುಗಿಯಬೇಕಾಗುತ್ತದೆ. ಪುಸ್ತಕ ಓದುವವನಿಗೆ ಆ ಕಟ್ಟಳೆ ಇಲ್ಲ.

ಉತ್ತರ: ಕೊಪ್ಪದ ಓದುಗ

ಇಷ್ಟೆಲ್ಲ ವಿಚಾರ ಬೇಕಾಗಿಲ್ಲ. 2013ರಲ್ಲಿ ಆ ವಿಶ್ವವಿದ್ಯಾಲಯ 26 ಮಂದಿಗೆ 5.97 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು. ಇಪ್ಪತ್ತಾರು ಜನ. ಆ ಸಂಖ್ಯೆ ಓದಿದ ಮೇಲೆ ನನಗೆ ಆ ಸ್ವೆಟರ್ ಹಾಕಿಕೊಳ್ಳಲಾಗುತ್ತಿರಲಿಲ್ಲ. ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಕೊಪ್ಪದವರೇ, ನಿಮ್ಮ ಮಾತು ಚುಚ್ಚಿತು, ಚುಚ್ಚಬೇಕಾದ್ದೇ. ಆದರೂ ಬಿಡಲಾರೆ, ಅದಕ್ಕೆ ಕಾರಣ ಹೇಳುತ್ತೇನೆ.

ನಾನು ಕಣ್ಣಾರೆ ಕಂಡ 2005ರ ಆ ಗೆಲುವನ್ನು ಎನ್‌ಸಿಎಎ 2012ರಲ್ಲಿ ದಾಖಲೆಯಿಂದ ಅಳಿಸಿತ್ತು. 1998ರಿಂದ 2011ರವರೆಗಿನ ಎಲ್ಲ ಗೆಲುವುಗಳೂ ಹೋಗಿದ್ದವು. 2015ರ ಜನವರಿಯಲ್ಲಿ ಅವು ಮರಳಿ ಬಂದು ಪಟರ್ನೊ ಅವರ ಲೆಕ್ಕ ಮತ್ತೆ 409 ಆದಾಗ ನಾನು ಅಂಗಳದಲ್ಲಿ ಅಡಿಕೆ ಹರವುತ್ತಿದ್ದವನು ಮನೆಯೊಳಗೆ ಓಡಿ ಹೋಗಿ ಎಲ್ಲರಿಗೂ ಹೇಳಿದ್ದೆ. ಅಂದು ದೌರ್ಜನ್ಯಕ್ಕೊಳಗಾದ ಆ ಹುಡುಗರಲ್ಲಿ ಒಬ್ಬನೂ ನನ್ನ ನೆನಪಿಗೆ ಬರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ದಿನ ಹಿಡಿಯಿತು. ಗೆದ್ದಾಗ ‘ನಾವು’ ಎಂದವನು, ಮುಚ್ಚಿಟ್ಟ ಮಾತು ಬಂದಾಗ ‘ಅವರು’ ಎನ್ನುವುದು ಹೇಗೆ? ಈಗ ತಂಡ ಬಿಟ್ಟರೆ ಆ ‘ನಾವು’ ಇಂದ ಜಾರಿಕೊಂಡಂತೆಯೇ ಸರಿ. ಗೆಲುವಿನ ಪಾಲು ತೆಗೆದುಕೊಂಡವನಿಗೆ ಆ ಮೌನದ ಪಾಲೂ ಸೇರಬೇಕು. ವಕೀಲೆ ಮೇಡಂ, ಆ ಕೆಲಸಗಾರರ ಭಯದಲ್ಲಿ ನನ್ನ ಕೂಗೂ ಇತ್ತೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ.

ಕೋಣೆಯಲ್ಲಿ ಪಟರ್ನೊ ಅವರ ಫೋಟೊ ಇತ್ತು, ತೆಗೆದಿದ್ದೇನೆ. ಸ್ವೆಟರ್ ಇಟ್ಟುಕೊಂಡಿದ್ದೇನೆ.

ಇನ್ನೊಂದು ಸಂಗತಿ. ನಮ್ಮೂರಿನ ಯುವಕ ಸಂಘದ ಕಬಡ್ಡಿ ಪಂದ್ಯಾವಳಿಗೆ ಹೊರಗಿನ ತಾಲ್ಲೂಕುಗಳಿಂದ ಬರುವ ಹುಡುಗರು ಶಾಲೆಯ ಕೊಠಡಿಗಳಲ್ಲಿ ರಾತ್ರಿ ಉಳಿಯುತ್ತಾರೆ. ಅವರನ್ನು ನೋಡಿಕೊಳ್ಳಲು ಒಬ್ಬ ತರಬೇತುದಾರನನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಮೊನ್ನೆ ಸಭೆಯಲ್ಲಿ ಎರಡು ಮಾತು ಕೇಳಿದೆ: ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಪ್ರತಿ ಕೊಠಡಿಯ ಬಾಗಿಲಿಗೆ ಅಂಟಿಸಬೇಕು, ರಾತ್ರಿ ತಂದೆತಾಯಂದಿರಲ್ಲಿ ಇಬ್ಬರು ಸರದಿಯಲ್ಲಿ ಅಲ್ಲಿಯೇ ಇರಬೇಕು. ಸಂಖ್ಯೆ ಅಂಟಿಸಲು ಒಪ್ಪಿದರು. ಎರಡನೆಯದಕ್ಕೆ, “ನಮ್ಮೂರಿನಲ್ಲಿ ಅಂಥದ್ದೆಲ್ಲ ಇಲ್ಲ ಮಾರಾಯ್ರೆ, ಬಂದ ಕೋಚ್‌ಗಳಿಗೆ ಅವಮಾನವಾಗುತ್ತದೆ” ಎಂದು ನನಗಿಂತ ಹಿರಿಯರೊಬ್ಬರು ತೀರ ಪ್ರೀತಿಯಿಂದಲೇ ಹೇಳಿದರು. ನಾನು ಕುಳಿತುಕೊಳ್ಳಲಿಲ್ಲ. ಭಾನುವಾರ ಹತ್ತು ಗಂಟೆಗೆ ಮತ್ತೆ ಸಭೆ ಕರೆದಿದ್ದಾರೆ, ಮಗಳೂ ಶಿವಮೊಗ್ಗದಿಂದ ಬರುತ್ತೇನೆಂದಿದ್ದಾಳೆ. ಅಂದು ಬೆಳಗಿನ ಐದಕ್ಕೆ ಪಂದ್ಯವಿದೆ, ಅದನ್ನು ನೋಡಿ ಹೋಗುತ್ತೇನೆ.