ಹ್ಯಾಟೆಯ ಹಿಂದಿನಿಂದ ಕೆಂಪು ಮಾಂಸ ಹೊರಗೆ ಬಂದಿದೆ, ಉಳಿಯುತ್ತದಾ?

ಹಿತ್ತಲಮನೆ:
ನಮಸ್ಕಾರ. ಸ್ವರ್ಣಧಾರ ತಳಿಯ ಆರು ಹ್ಯಾಟೆ ಕೋಳಿಗಳಿವೆ, ಮೊಟ್ಟೆಗೆ ಬಂದು ತಿಂಗಳಾಗಿರಬಹುದು. ಇವತ್ತು ಬೆಳಿಗ್ಗೆ ಮೊಟ್ಟೆ ಇಟ್ಟ ಮೇಲೆ ಒಂದಕ್ಕೆ ಗುದದ್ವಾರದಿಂದ ನೆಲ್ಲಿಕಾಯಿ ಗಾತ್ರದ ಕೆಂಪು ಮಾಂಸ ಹೊರಗೆ ಬಂದದ್ದು ಒಳಗೆ ಹೋಗಿಲ್ಲ. ಒದ್ದೆಯಾಗಿದೆ, ವಾಸನೆಯಿಲ್ಲ. ಉಳಿದವು ಕುಕ್ಕಲು ಬರುತ್ತಿವೆ. ಅರಿಶಿನ ಹಚ್ಚಿದ್ದೇನೆ. ಇನ್ನೊಂದು ಹ್ಯಾಟೆಗೆ ಹಿಂಭಾಗದ ಗರಿಗೆಲ್ಲ ಬಿಳಿ ಅಂಟು ಮೆತ್ತಿಕೊಂಡು ಹುಳಿ ನಾತ ಹೊಡೆಯುತ್ತಿದೆ. ಅದಕ್ಕೆ ಹೋದ ವಾರ ನೆಗಡಿಗೆಂದು ಆಂಟಿಬಯೋಟಿಕ್ ಕೊಟ್ಟಿದ್ದೆವು. ಎರಡೂ ಒಂದೇ ರೋಗವಾ? ಮೇವು ಬ್ರಾಯ್ಲರ್ ಫಿನಿಷರ್ (ಮಾಂಸದ ಕೋಳಿಗೆ ಕೊನೆಯ ಹಂತದಲ್ಲಿ ಕೊಡುವುದು), ಜೊತೆಗೆ ಮಿಕ್ಕಿದ ಅನ್ನ. ಕಾಡುಬೆಕ್ಕಿನ ಭಯಕ್ಕೆ ಗೂಡಿನಲ್ಲಿ ರಾತ್ರಿಯಿಡೀ ಬಲ್ಬ್ ಉರಿಯುತ್ತದೆ.

ಜವಾರಿಕೋಳಿ:
ಮೊದಲು ಆ ಹ್ಯಾಟೆಯನ್ನು ಬೇರೆ ಮಾಡಿ, ಮುಂದಿನದನ್ನು ಆಮೇಲೆ ಓದಿ. ಕೆಂಪು ಕಂಡಲ್ಲಿ ಕೋಳಿಗಳು ಕುಕ್ಕುತ್ತವೆ, ಕುಕ್ಕುತ್ತಾ ಕರುಳನ್ನೇ ಎಳೆದುಬಿಡುತ್ತವೆ.

ಹೊರಗೆ ಕಾಣುತ್ತಿರುವುದು ಮೊಟ್ಟೆನಾಳದ ಕೊನೆಯ ಭಾಗ. ಮೊಟ್ಟೆ ಇಡುವಾಗ ಎಲ್ಲ ಹ್ಯಾಟೆಗಳಲ್ಲೂ ಅದು ಕ್ಷಣಕಾಲ ಹೊರಳಿ ಹೊರಬಂದು ಒಳಗೆ ಹೋಗುತ್ತದೆ. ಸ್ನಾಯು ಸೋತರೆ ಹೊರಗೇ ಉಳಿಯುತ್ತದೆ. ಕೆಂಪಗೆ, ಒದ್ದೆಯಾಗಿದ್ದರೆ ಉಳಿಸಬಹುದು. ಕಪ್ಪಾಗಿ ಒಣಗಿದ್ದರೆ, ಹರಿದಿದ್ದರೆ, ಕೊಳೆತ ವಾಸನೆ ಬಂದರೆ ಮನೆಯಲ್ಲಿ ಕೈ ಹಾಕಬೇಡಿ, ಪಶುವೈದ್ಯರ ಹತ್ತಿರ ಒಯ್ಯಿರಿ.

ಕುದಿಸಿ ಆರಿಸಿದ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 9 ಗ್ರಾಂ ಉಪ್ಪು (ಒಂದೂವರೆ ಟೀ ಚಮಚ, ತಲೆ ಸಮ) ಹಾಕಿ. ಸೂಜಿಯಿಲ್ಲದ ಸಿರಿಂಜಿನಿಂದ ಹರಿಸಿ ಅರಿಶಿನ, ಕಸ ಎಲ್ಲ ಹೋಗುವವರೆಗೆ ತೊಳೆಯಿರಿ, ಉಜ್ಜಬೇಡಿ. ಪುಡಿ ಹಸಿ ಪೊರೆಗೆ ಅಂಟಿ ಅದನ್ನು ಒಣಗಿಸುತ್ತದೆ, ಹಾಗಾಗಿ ಅರಿಶಿನ ಮತ್ತೆ ಬೇಡ. ಆಮೇಲೆ ಹೊಟ್ಟೆಯ ಕೆಳಗೆ ಮೆಲ್ಲಗೆ ಮುಟ್ಟಿ ಒಳಗೆ ಮೊಟ್ಟೆ ಸಿಕ್ಕಿಕೊಂಡಿದೆಯೇ ನೋಡಿ. ಮೊಟ್ಟೆ ಇರುವಾಗ ಮಾಂಸ ಒತ್ತಿದರೆ ನಾಳ ಹರಿದುಹೋಗಬಹುದು, ಮೊಟ್ಟೆ ಒಳಗೆ ಒಡೆದರೆ ಇನ್ನೂ ಅಪಾಯ.

ಊತ ಇದ್ದರೆ ಸಕ್ಕರೆಯನ್ನು ಸ್ವಲ್ಪ ನೀರಲ್ಲಿ ಗಟ್ಟಿಯಾಗಿ ಕಲಸಿ ಹತ್ತು ಹದಿನೈದು ನಿಮಿಷ ಹಚ್ಚಿಡಿ. ಸಕ್ಕರೆ ನೀರೆಳೆಯುತ್ತದೆ, ಮಾಂಸ ಕುಗ್ಗುತ್ತದೆ. ತೊಳೆದು, ಗ್ಲೌಸ್ ಹಾಕಿದ ಬೆರಳಿಗೆ ಬರೀ ಪೆಟ್ರೋಲಿಯಂ ಜೆಲ್ಲಿ ಸವರಿ, ನಡುಭಾಗದಿಂದ ಶುರುಮಾಡಿ ನಿಧಾನಕ್ಕೆ ಒಳಗೆ ತಳ್ಳಿ ಒಂದೆರಡು ನಿಮಿಷ ಹಿಡಿದಿರಿ. ಮರಗಟ್ಟಿಸುವ ಜೆಲ್ ಹಚ್ಚಬೇಡಿ, ಪ್ರಮಾಣ ಸ್ವಲ್ಪ ಮೀರಿದರೂ ಹಕ್ಕಿಗೆ ವಿಷ.

ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ, ಮಾರನೆಯ ದಿನವೇ ಮತ್ತೆ ಹೊರಬರುತ್ತದೆ. ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು, ಅಂದರೆ ನಾಳಿನ ಮೊಟ್ಟೆ ಈಗಾಗಲೇ ನಾಳದಲ್ಲಿರಬಹುದು. ಅದರ ಹಿಂದೆ ಬೆಳೆಯುತ್ತಿರುವ ಹಳದಿಗಳೂ ಇವೆ. ಮೊಟ್ಟೆ ನಿಲ್ಲಿಸದೆ ಸ್ನಾಯುವಿಗೆ ವಿಶ್ರಾಂತಿಯಿಲ್ಲ. ದಿನಕ್ಕೆ 8 ಗಂಟೆ ಮಾತ್ರ ಬೆಳಕು, ಉಳಿದ ಹೊತ್ತು ಕತ್ತಲೆ ಕೋಣೆ, ಗಾಳಿಯಾಡುವ ಪೆಟ್ಟಿಗೆ, ಕೆಳಗೆ ಒಗೆದ ಬಟ್ಟೆ. ಹೊಟ್ಟು ಬೇಡ, ಗಾಯಕ್ಕೆ ಅಂಟುತ್ತದೆ. ಹತ್ತು ದಿನವಾದರೂ ಹೀಗಿರಲಿ. ನೀರು ಯಾವಾಗಲೂ ಎಟುಕಬೇಕು.

ಕೊಟ್ಟಿಗೆ:
ಎರಡನೆಯದು ಬೇರೆಯೇ. ಹುಳಿ ನಾತ, ಬಿಳಿ ಅಂಟು ಅಂದರೆ ಹೆಚ್ಚಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರ. ಆಂಟಿಬಯೋಟಿಕ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದು ಅದಕ್ಕೆ ಜಾಗ ಮಾಡಿಕೊಡುತ್ತದೆ, ಆದ್ದರಿಂದ ಅದನ್ನೇ ಮತ್ತೆ ಕೊಡಬೇಡಿ. ಮೆತ್ತಿಕೊಂಡ ಗರಿ ಕತ್ತರಿಸಿ (ಕೀಳಬೇಡಿ, ರಕ್ತ ಬರುತ್ತದೆ), ಬೆಚ್ಚನೆ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಸುತ್ತಲಿನ ಚರ್ಮಕ್ಕೆ 1% ಕ್ಲೋಟ್ರಿಮಜೋಲ್ ಕ್ರೀಮನ್ನು ದಿನಕ್ಕೆರಡು ಸಲ, ಒಂದು ವಾರ ತೆಳ್ಳಗೆ ಹಚ್ಚಿ. ಒಳಗೂ ಬಿಳಿ ಪದರ ಕಂಡರೆ ಬಾಯಿಯಲ್ಲಿ ಕೊಡುವ ನಿಸ್ಟಾಟಿನ್ ಬೇಕಾಗುತ್ತದೆ, ತೂಕ ನೋಡಿ ವೈದ್ಯರೇ ಬರೆಯಬೇಕು. ಬೂಸ್ಟು ಹಿಡಿದ ಮೇವು, ಹುಳಿತ ಅನ್ನ ಪೂರ್ತಿ ನಿಲ್ಲಿಸಿ.

ತೊಳೆಯುವ ಮೊದಲು ಗರಿ ಬಿಡಿಸಿ ನೋಡಿ. ಗರಿಬುಡದಲ್ಲಿ ಬಿಳಿ ಗಂಟು ಇದ್ದರೆ ಹೇನಿನ ಮೊಟ್ಟೆ. ಆಗ ಆರೂ ಹ್ಯಾಟೆಗಳಿಗೆ ಒಟ್ಟಿಗೆ ಚಿಕಿತ್ಸೆ ಬೇಕು. ದನದ ಉಣ್ಣೆ ಔಷಧಿಯನ್ನು ಅಂದಾಜಿನ ಮೇಲೆ ಬೆರೆಸಿ ಹಾಕುವುದು ಕೋಳಿಗೂ ಅಪಾಯ, ಮೊಟ್ಟೆ ತಿನ್ನುವವರಿಗೂ.

ಮಣ್ಣುಮನೆ:
ಮೇವು, ಬಲ್ಬ್ ಎರಡೂ ಬದಲಾಗದಿದ್ದರೆ ಉಳಿದವಕ್ಕೂ ಹೀಗೇ ಆಗುವ ಸಾಧ್ಯತೆಯಿದೆ. ಫಿನಿಷರ್‌ನಲ್ಲಿ ಕ್ಯಾಲ್ಸಿಯಂ ಸುಮಾರು 1%, ಮೊಟ್ಟೆ ಕೋಳಿಗೆ 3.5ರಿಂದ 4% ಬೇಕು. ಚಿಪ್ಪಿಗೆ ಮಾತ್ರವಲ್ಲ, ನಾಳದ ಸ್ನಾಯು ಬಿಗಿಯಾಗಲೂ ಅದೇ ಬೇಕು. ಫಿನಿಷರ್, ಅನ್ನ ಎರಡರಿಂದಲೂ ಒಳಗೆ ಕೊಬ್ಬು ಕಟ್ಟಿ ದಾರಿ ಇಕ್ಕಟ್ಟಾಗುತ್ತದೆ. ಲೇಯರ್ ಮೇವು (ಮೊಟ್ಟೆ ಕೋಳಿಯದ್ದು) ತಲಾ 100ರಿಂದ 120 ಗ್ರಾಂ ಕೊಡಿ. ಬೇರೆ ಬಟ್ಟಲಲ್ಲಿ ಜೋಳದ ಕಾಳಿನಷ್ಟು ಒಡೆದ ಕಪ್ಪೆಚಿಪ್ಪು ಇಡಿ. ಪುಡಿ ಬೇಗ ಸಾಗಿಹೋಗುತ್ತದೆ, ತುಂಡು ಹೊಟ್ಟೆಯಲ್ಲಿ ನಿಂತು ಚಿಪ್ಪು ಕಟ್ಟುವ ರಾತ್ರಿಯಲ್ಲಿ ನಿಧಾನಕ್ಕೆ ಕರಗುತ್ತದೆ. ಉಳಿದ ಕೋಳಿಗಳಿಗೆ ಬೆಳಕು ದಿನಕ್ಕೆ ಒಟ್ಟು 16 ಗಂಟೆ ಮೀರಬಾರದು. ಬೆಕ್ಕಿಗೆ ಬಲ್ಬ್ ಬದಲು ಅರ್ಧ ಇಂಚಿನ ವೆಲ್ಡೆಡ್ ಮೆಶ್ (ಬೆಸುಗೆ ಹಾಕಿದ ತಂತಿ ಬಲೆ) ಹೊಡೆಸಿ.

ಹಿತ್ತಲಮನೆ:
ತುಂಬಾ ಉಪಕಾರವಾಯಿತು. ತೊಳೆದು ಒಳಗೆ ಹಾಕಿದೆವು, ಸದ್ಯಕ್ಕೆ ನಿಂತಿದೆ. ಮತ್ತೆ ಬಂದರೆ?

ಜವಾರಿಕೋಳಿ:
ಮೊದಲ ಎರಡು ಮೂರು ದಿನ ಬರುವುದುಂಟು, ಪ್ರತಿ ಸಲವೂ ಹಾಗೇ ತೊಳೆದು ಹಾಕಿ. ಬೆಳಿಗ್ಗೆ, ಸಂಜೆ ನೋಡಿ. ಹಿಕ್ಕೆ ಹಾಕಲಾಗದೆ ತಿಣುಕುತ್ತಿದ್ದರೆ, ಮೇವು ಬಿಟ್ಟರೆ ಅವತ್ತೇ ಆಸ್ಪತ್ರೆಗೆ. ವೈದ್ಯರು ಸುತ್ತ ಹೊಲಿಗೆ ಹಾಕಿದರೆ ಕತ್ತಲೆ ಕೋಣೆ ಇನ್ನೂ ಮುಖ್ಯ, ಏಕೆಂದರೆ ಹೊಲಿಗೆ ಇರುವಾಗ ಮೊಟ್ಟೆ ಬಂದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಯಾವುದೇ ಔಷಧಿ ಬರೆದರೂ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿಕೊಳ್ಳಿ. ಗುಂಪಿಗೆ ಬಿಡುವುದು ಕೆಂಪು ಪೂರ್ತಿ ಮಾಸಿದ ಮೇಲೆ, ಅದೂ ಸಂಜೆ ಗೂಡು ಸೇರುವ ಹೊತ್ತಿಗೆ.