ಇಮ್ಯಾಜಿಕಾ ಪಕ್ಕ ಇನ್ನೊಂದು ಹೋಟೆಲ್, ಟೈಮ್‌ಶೇರ್: ಈ ಮಾತನ್ನು ಎಷ್ಟು ನಂಬಬಹುದು?

ನೆರೂಲ್_ನಿವಾಸಿ:

ಖೋಪೋಲಿ–ಪಾಲಿ ರಸ್ತೆಯ ಇಮ್ಯಾಜಿಕಾ ಥೀಮ್ ಪಾರ್ಕ್ ಸುತ್ತಮುತ್ತ ಇನ್ನೊಂದು ಹೋಟೆಲ್ ಏಳುತ್ತೆ, ಅದರಲ್ಲಿ ಒಂದು ಭಾಗ ಟೈಮ್‌ಶೇರ್ (ಮೊದಲೇ ದುಡ್ಡು ಕಟ್ಟಿ, ಹಲವು ವರ್ಷ ವರ್ಷಕ್ಕೆ ಇಷ್ಟು ರಾತ್ರಿ ಅಂತ ಉಳಿಯೋ ಹಕ್ಕು) ಆಗುತ್ತೆ ಅನ್ನೋ ಮಾತು ಬ್ರೋಕರ್‌ಗಳ ಬಾಯಲ್ಲಿ ಓಡಾಡ್ತಿದೆ. 2025ರ ಡಿಸೆಂಬರ್‌ನಲ್ಲಿ ನವಿ ಮುಂಬೈ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಇದಕ್ಕೆ ರೆಕ್ಕೆಪುಕ್ಕ ಬಂದಿದೆ. ಪಾರ್ಕ್ ನಡೆಸುವವರ ಲೆಕ್ಕದಲ್ಲಿ ಇನ್ನೊಂದು ಹೋಟೆಲ್‌ಗೆ ಅರ್ಥ ಇದೆಯಾ? ನಿಜವೋ ಗಾಳಿಮಾತೋ ಅಂತ ಹೊರಗಿನವರು ಪತ್ತೆ ಹಚ್ಚೋದು ಹೇಗೆ? ಟೈಮ್‌ಶೇರ್ ಬಂದ್ರೆ ಮುಂಬೈ, ಪುಣೆಯಲ್ಲೇ ಇರೋ ಸಂಸಾರಕ್ಕೆ ಅದರಿಂದ ಲಾಭ ಇದೆಯಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಬರೀರಿ.

ಮುಲುಂಡ್_ಶೆಟ್ರು:

ಮೊದಲು ಅಲ್ಲಿ ಈಗಾಗಲೇ ಏನಿದೆ ಅಂತ ನೋಡಿ ಮಾರಾಯ್ರೇ. ಥೀಮ್ ಪಾರ್ಕ್ ತೆರೆದದ್ದು 2013ರಲ್ಲಿ, ವಾಟರ್ ಪಾರ್ಕ್ 2014ರಲ್ಲಿ, ನೊವೊಟೆಲ್ ಹೆಸರಿನ ಹೋಟೆಲ್ 2015ರಲ್ಲಿ. ಹೋಟೆಲ್ ಒಟ್ಟು ಯೋಜನೆ 287 ಕೋಣೆಯದ್ದು, ಆದರೆ ಶುರುವಿಗೆ ಬಾಗಿಲು ತೆರೆದದ್ದು ಅದರ ಅರ್ಧಕ್ಕೂ ಕಮ್ಮಿ ಕೋಣೆಗಳಿಗೆ. ಈ ಹಂತ ಹಂತದ ಕ್ರಮವನ್ನು ಗಮನದಲ್ಲಿಡಿ, ಮುಂದೆ ಏನು ಬಂದರೂ ಹೀಗೆಯೇ ಬರುವ ಸಾಧ್ಯತೆ ಜಾಸ್ತಿ. ಕಂಪನಿ ಸಾಲದ ಹೊರೆಯಲ್ಲಿ ಸಿಕ್ಕಿ, 2022ರಲ್ಲಿ ಸಾಲ ಪರಿಹಾರದ ಮೂಲಕ ಮಾಲ್ಪಾಣಿ ಗ್ರೂಪ್ ಕೈಗೆ ಹೋಯಿತು. ಅಷ್ಟು ಪೆಟ್ಟು ಕಂಡ ಆಸ್ತಿಯಲ್ಲಿ ಹೊಸ ಮಾಲೀಕರು ದೊಡ್ಡ ಸಾಲ ಎತ್ತಿ ಕಟ್ಟಡ ಎಬ್ಬಿಸುವುದಕ್ಕಿಂತ, ಇರುವ ಕೋಣೆಗಳನ್ನು ತುಂಬಿಸಲು ನೋಡುತ್ತಾರೆ ಎಂಬುದು ನನ್ನ ಅಂದಾಜು.

ಪಾರ್ಕ್ ಹೋಟೆಲ್‌ನ ನಿಜವಾದ ಕಷ್ಟ ಶನಿವಾರ ಅಲ್ಲ, ಮಂಗಳವಾರ. ಶನಿವಾರ ರಾತ್ರಿ ಕೋಣೆ ಸಿಗುವುದಿಲ್ಲ, ವಾರದ ಮಧ್ಯೆ ಕಾರಿಡಾರ್ ಖಾಲಿ. ಆ ಖಾಲಿ ದಿನಗಳನ್ನು ಕಂಪನಿಗಳ ಮೀಟಿಂಗ್, ಶಾಲೆಯ ಪ್ರವಾಸ ಮತ್ತು ಮದುವೆಗಳೇ ತುಂಬಬೇಕು. ಹಾಗಾಗಿ ಹೊಸದಾಗಿ ಏನಾದರೂ ಬಂದರೆ ಕೋಣೆಗಿಂತ ಮೊದಲು ಸಭಾಂಗಣ ಮತ್ತು ಲಾನ್ ಬರಬೇಕು. ಬರೀ 150 ಕೋಣೆ ಸೇರಿಸಿದರೆ ಶನಿವಾರ ಚಂದ, ಉಳಿದ ದಿನ ಎಸಿ ಮತ್ತು ಸಂಬಳದ ಖರ್ಚು ಮಾತ್ರ. ಬಿಡದಿಯ ವಂಡರ್‌ಲಾ ನೋಡಿ, ಪಾರ್ಕ್ ಬಂದದ್ದು 2005ರಲ್ಲಿ, ರೆಸಾರ್ಟ್ 2012ರಲ್ಲಿ, ಅದೂ 84 ಕೋಣೆ ಅಷ್ಟೇ. ಬೆಂಗಳೂರಿನಂಥ ಊರು ಪಕ್ಕದಲ್ಲಿ ಇದ್ದೂ ಕೈಯಳತೆಯಲ್ಲೇ ಕಟ್ಟಿದರು.

ಇನ್ನು ಪತ್ತೆ ಹಚ್ಚುವ ವಿಷಯ. ಇದು ಷೇರುಪೇಟೆಯಲ್ಲಿರುವ ಕಂಪನಿ. ದೊಡ್ಡ ವಿಸ್ತರಣೆಗೆ ಬೋರ್ಡ್ ಒಪ್ಪಿದರೆ ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ, ಎನ್‌ಎಸ್‌ಇಗೆ ತಿಳಿಸದೆ ಇರುವಂತಿಲ್ಲ. ಬ್ರೋಕರ್ ಹೇಳಿದ ಸುದ್ದಿ ಎಕ್ಸ್‌ಚೇಂಜ್‌ನ ಪ್ರಕಟಣೆಯಲ್ಲಿ ಇಲ್ಲ ಎಂದರೆ ಅದನ್ನು ಅಲ್ಲಿಗೇ ಬಿಡಿ. ವಾರ್ಷಿಕ ವರದಿಯಲ್ಲಿ ‘ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್’ (ಇನ್ನೂ ಮುಗಿಯದ ಕಟ್ಟಡ ಮುಂತಾದ ಕೆಲಸಗಳಿಗೆ ಹಾಕಿದ ಹಣ) ಸಾಲು ನೋಡಿ, ಅಡಿಟಿಪ್ಪಣಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಎಂದು ಇರುತ್ತದೆ. ಮೂರು ತಿಂಗಳಿಗೊಮ್ಮೆ ಹೂಡಿಕೆದಾರರ ಜೊತೆ ಕಾಲ್ ನಡೆದರೆ ಅದರ ಲಿಖಿತ ರೂಪವೂ ಎಕ್ಸ್‌ಚೇಂಜ್‌ನಲ್ಲೇ ಸಿಗುತ್ತದೆ.

ಎರಡನೆಯ ಕಡೆ ಪರಿವೇಶ್ ಪೋರ್ಟಲ್, ಪರಿಸರ ಅನುಮತಿಯ ಅರ್ಜಿಗಳು ಇರುವ ಸರ್ಕಾರಿ ಜಾಲತಾಣ. 20,000 ಚದರ ಮೀಟರ್ ಅಥವಾ ಹೆಚ್ಚಿನ ಕಟ್ಟಡಕ್ಕೆ 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. 150 ಕೋಣೆಯ ಹೋಟೆಲ್‌ಗೆ ಲಾಬಿ, ಅಡುಗೆಮನೆ ಎಲ್ಲ ಸೇರಿ ಕೋಣೆಗೆ 65 ಚದರ ಮೀಟರ್ ಹಿಡಿದರೂ 9,750 ಆಯಿತು, ಮಿತಿಯ ಒಳಗೆ. ಆದರೆ ಈಗಾಗಲೇ ಅನುಮತಿ ಪಡೆದ ಆವರಣದೊಳಗೇ ಕಟ್ಟಿದರೆ ಹಳೆಯದು ಹೊಸದು ಒಟ್ಟು ಸೇರಿಸಿ ನೋಡುತ್ತಾರೆ, ಅನುಮತಿ ತಿದ್ದುಪಡಿಗೆ ಅರ್ಜಿ ಹಾಕಬೇಕಾಗುತ್ತದೆ. ಆ ಅರ್ಜಿ ಪೋರ್ಟಲ್‌ನಲ್ಲಿ ಕಾಣುತ್ತದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ 2024ರ ಕರಡು ಇನ್ನೊಂದು ತೊಡಕು. ಕರಡಿನ ಪಟ್ಟಿಯಲ್ಲಿರುವ ಹಳ್ಳಿಗಳಲ್ಲಿ 20,000 ಚದರ ಮೀಟರ್‌ನಿಂದ ಮೇಲಿನ ಹೊಸ ಕಟ್ಟಡ ಯೋಜನೆಗೆ ನಿಷೇಧ ಎಂದಿದೆ. ಬ್ರೋಕರ್ ತೋರಿಸುವ ಜಾಗದ ಹಳ್ಳಿ ಹೆಸರು ಕೇಳಿ, ಆ ಪಟ್ಟಿಯಲ್ಲಿ ಹುಡುಕಿ.

ಟೈಮ್‌ಶೇರ್ ಉದ್ದೇಶ ಇದೆಯೋ ಇಲ್ಲವೋ ಎಂಬುದಕ್ಕೆ ನಕ್ಷೆಯೇ ಸಾಕ್ಷಿ. ಮಾಮೂಲಿ ಹೋಟೆಲ್ ಕೋಣೆ 28–32 ಚದರ ಮೀಟರ್, ಬಾತ್‌ರೂಮ್‌ಗಳು ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಪೈಪ್ ಶಾಫ್ಟ್ ಹಂಚಿಕೊಂಡಿರುತ್ತವೆ. ಟೈಮ್‌ಶೇರ್‌ಗೆ ಕಟ್ಟಿದ್ದರಲ್ಲಿ ಒಂದು ಬೆಡ್‌ರೂಮ್ ಯೂನಿಟ್‌ಗಳು ಜಾಸ್ತಿ, 50 ಚದರ ಮೀಟರ್ ಮೇಲೆ, ಪ್ರತಿ ಯೂನಿಟ್‌ನಲ್ಲಿ ಸಣ್ಣ ಅಡುಗೆ ಕಟ್ಟೆ, ಸಿಂಕ್, ಅದಕ್ಕೆ ಬೇರೆ ಶಾಫ್ಟ್. ನಕ್ಷೆಯಲ್ಲಿ ಕೋಣೆಯೊಳಗೆ ಸಿಂಕ್ ಕಾಣದೆ ಹೋದರೆ ಅದು ಹೋಟೆಲ್, ಟೈಮ್‌ಶೇರ್ ಎಂಬುದು ಮಾರುವವನ ಬಾಯಿಮಾತು.

ನೀರನ್ನೂ ಲೆಕ್ಕ ಹಾಕಿ. ಕಟ್ಟಡ ಸಂಹಿತೆಯ ಪ್ರಕಾರ ಐದು ನಕ್ಷತ್ರದ ಹೋಟೆಲ್‌ಗೆ ತಲೆಗೆ ದಿನಕ್ಕೆ 320 ಲೀಟರ್, ಅದಕ್ಕಿಂತ ಕೆಳಗಿನದಕ್ಕೆ 180. 150 ಕೋಣೆಗೆ ಇಬ್ಬರಂತೆ ಹಿಡಿದರೆ ಐದು ನಕ್ಷತ್ರಕ್ಕೆ 96,000 ಲೀಟರ್. ಮಳೆಗಾಲದಲ್ಲಿ ಆ ಕಡೆ ನೀರಿಗೆ ಬರವಿಲ್ಲ, ಮೇ ತಿಂಗಳಲ್ಲಿ ಇದೆ. ಪಾರ್ಕ್‌ಗೆ ಜನ ಮುಗಿಬೀಳುವುದೂ ಮೇ ತಿಂಗಳಲ್ಲೇ.

ಹಡಪ್ಸರ್_ಜೋಶಿ:

ಶೆಟ್ರು ಕಟ್ಟಡದ ಮಾತು ಪೂರ್ತಿ ಹೇಳ್ಯಾರ. ನಾನು ಕೊಳ್ಳವ್ರ ಕಡಿಂದ ಲೆಕ್ಕ ಹೇಳ್ತೀನ್ರಿ.

ಟೈಮ್‌ಶೇರ್ ಅಂದ್ರ ಮಾರವ್ರಿಗೆ ಎರಡು ಅನುಕೂಲ ಅದ. ರೊಕ್ಕ ಮೊದಲೇ ಬರ್ತದ, ವಾರದ ನಡುವಿನ ಖಾಲಿ ಕೋಣಿ ಸದಸ್ಯರಿಂದ ತುಂಬ್ತದ. ಹಂಗಂತ ಆ ರೊಕ್ಕ ಒಮ್ಮೆಲೇ ಲಾಭ ಅಂತ ತೋರಸಾಕ ಬರಂಗಿಲ್ಲ. 2018ರಿಂದ ಇಂಡ್ ಎಎಸ್ 115 ಅನ್ನೋ ಲೆಕ್ಕಪತ್ರದ ನಿಯಮ ಬಂದ ಮ್ಯಾಲೆ ಸದಸ್ಯತ್ವದ ರೊಕ್ಕ ಪೂರ್ತಿ ಅವಧಿಗೆ ಹಂಚಿ ಲೆಕ್ಕಕ್ಕ ಹಿಡೀಬೇಕು. 25 ವರ್ಷದ ಸದಸ್ಯತ್ವ ಇದ್ರ 25 ವರ್ಷ. ಹಿಂಗಾಗಿ ಒಂದೇ ಊರಾಗ ಒಂದೇ ಆಸ್ತಿ ಇರೋ ಕಂಪನಿ ತಾನೇ ಈ ಧಂದೆಕ್ಕ ಇಳಿಯೂದು ಕಷ್ಟ. ಮಹೀಂದ್ರಾ ಹಾಲಿಡೇಸ್ 1996ರಿಂದ, ಸ್ಟರ್ಲಿಂಗ್ 1986ರಿಂದ ಇದನ್ನ ಮಾಡಕೋತ ಬಂದಾವ, ದೇಶದ ತುಂಬ ರೆಸಾರ್ಟ್ ಇಟ್ಟಾವ. ಬಂದ್ರ ಅಂಥ ಕಂಪನಿ ಒಂದಿಷ್ಟು ಕೋಣಿ ಗುತ್ತಿಗೆ ಹಿಡೀತದ ಅಂತ ನನಗ ಅನಸ್ತದ.

ಈಗ ಒಂದು ಉದಾಹರಣಿ ಲೆಕ್ಕ. ತೆರಿಗಿ ಸೇರಿ 4 ಲಕ್ಷ, 25 ವರ್ಷ, ವರ್ಷಕ್ಕ 7 ರಾತ್ರಿ ಅಂತ ಹಿಡೀರಿ. ಮಾರವ್ರು 4 ಲಕ್ಷಕ್ಕ 25ರಿಂದ, ಮತ್ತ 7ರಿಂದ ಭಾಗಿಸಿ ‘ರಾತ್ರಿಗೆ 2,286 ರೂಪಾಯಿ ಅಷ್ಟ’ ಅಂತಾರ. ಇದರಾಗ ಎರಡು ಬಿಟ್ಟಿರ್ತಾರ. ಅದೇ 4 ಲಕ್ಷ 7% ಬಡ್ಡಿಗೆ ಇಟ್ಟು, 25 ವರ್ಷಕ್ಕ ಅಸಲು ಬಡ್ಡಿ ಎರಡೂ ತೀರೋ ಹಂಗ ತಕ್ಕೊಂಡ್ರ ವರ್ಷಕ್ಕ ಸುಮಾರು 34,300 ಬರ್ತದ, ಅದು ನಿಮ್ಮ ಖರೇ ಖರ್ಚು. ಇನ್ನೊಂದು ವಾರ್ಷಿಕ ನಿರ್ವಹಣಾ ಶುಲ್ಕ. 20,000 ಅಂದ್ರ 18% ಜಿಎಸ್‌ಟಿ ಸೇರಿ 23,600. ಎರಡೂ ಕೂಡಿ 57,900, ಏಳು ರಾತ್ರಿಗೆ ಹಂಚಿದ್ರ ರಾತ್ರಿಗೆ 8,270ರ ಆಸುಪಾಸು. ಊಟ ಬ್ಯಾರೆ, ಪಾರ್ಕ್ ಟಿಕೆಟ್ ಬ್ಯಾರೆ. ಶುಲ್ಕ ವರ್ಷಕ್ಕ 6% ಏರಿದ್ರ 12 ವರ್ಷಕ್ಕ ದುಪ್ಪಟ್ಟು.

ನಮ್ಮಂಥವ್ರಿಗೆ ಪೆಟ್ಟು ಬೀಳೂದು ಇದಕ್ಕಿಂತ ಸರಳ ಜಾಗಾದಾಗ. ಪುಣೆ ಇರಲಿ ನವಿ ಮುಂಬೈ ಇರಲಿ, ಎಕ್ಸ್‌ಪ್ರೆಸ್‌ವೇ ಹಿಡದ್ರ ಎರಡು ತಾಸಿನ ದಾರಿ. ಯಾರೂ ಅಲ್ಲಿ ವಾರಗಟ್ಟಲೆ ಇರಂಗಿಲ್ಲ. ಒಂದಿನ ರೈಡು, ಒಂದಿನ ನೀರು, ಒಂದು ರಾತ್ರಿ ಮುಗೀತು, ಅದೂ ಶನಿವಾರ. ವರ್ಷಕ್ಕ ನಾಲ್ಕು ರಾತ್ರಿ ಬಳಸಿದ್ರ ಅದೇ 57,900 ನಾಲ್ಕಕ್ಕ ಹಂಚಿ ರಾತ್ರಿಗೆ 14,475 ಆಗ್ತದ. ನೇರ ಬುಕ್ ಮಾಡಿದ್ರ 7,500 ರೂಪಾಯಿ ತನಕದ ಕೋಣಿಗೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ ಬರೇ 5%.

ಕರಾರಿನಾಗ ನೋಡಬೇಕಾದ್ದು ಇವು: ಏಳು ರಾತ್ರಿ ಒಂದೊಂದಾಗಿ ಬಿಡಿಸಿ ಬಳಸಾಕ ಬರ್ತದೋ ಇಲ್ಲೋ, ಶುಕ್ರವಾರ ಶನಿವಾರದ ಒಂದು ರಾತ್ರಿಗೆ ಎರಡು ರಾತ್ರಿ ಕಡೀತಾರೋ, ಬುಕಿಂಗ್ ಎಷ್ಟು ದಿನ ಮೊದಲು ತೆರೀತದ, ಬಳಸದ ರಾತ್ರಿ ಮುಂದಿನ ವರ್ಷಕ್ಕ ಹೋಗ್ತಾವೋ, ಶುಲ್ಕ ಏರಸಾಕ ಮಿತಿ ಅದನೋ. ‘ಲಭ್ಯತೆಗೆ ಒಳಪಟ್ಟು’ ಅನ್ನೋ ಸಾಲು ಎಲ್ಲಾ ಕಡೆ ಇರ್ತದ. ಮೇ ರಜಾ ಮತ್ತ ದೀಪಾವಳಿಗೆ ಆ ಸಾಲು ಕೆಲಸಾ ಮಾಡ್ತದ.

ನೆರೂಲ್_ನಿವಾಸಿ:

ಇಬ್ಬರಿಗೂ ಧನ್ಯವಾದ. ಜೋಶಿಯವರೇ, ಒಂದು ವಿಷಯ ಸೇರಿಸ್ಬೇಕಿತ್ತು. ಕೆಲವರು ಸದಸ್ಯತ್ವ ಅಲ್ಲ, ‘ಕೋಣೆಯೇ ನಿಮ್ಮ ಹೆಸರಿಗೆ, ನಾವೇ ನಡೆಸ್ತೀವಿ, ಮೊದಲ ಐದು ವರ್ಷ 9% ಖಚಿತ ಬಾಡಿಗೆ’ ಅಂತ ಮಾರ್ತಿದಾರೆ. ಅದು ಟೈಮ್‌ಶೇರ್‌ಗಿಂತ ಭದ್ರ ಅಲ್ವಾ?

ಠಾಣೆ_ವಕೀಲರು:

ಭದ್ರವೋ ಅಲ್ಲವೋ ಎಂಬುದು ಕಾಗದದ ಮೇಲೆ ನಿಂತಿದೆ ಸರ್. ಇಲ್ಲಿ ಕಾನೂನು ಬೇರೆ ಬೇರೆ.

ಕೋಣೆಯ ಹಕ್ಕನ್ನೇ ಮಾರುತ್ತಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಕೇಳಿ. ಜಾಗ 500 ಚದರ ಮೀಟರ್ ಮೀರಿದ್ದು, ಯೂನಿಟ್‌ಗಳೂ ಎಂಟಕ್ಕಿಂತ ಹೆಚ್ಚಿದ್ದರೆ ನೋಂದಣಿ ಆಗದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಹಣ ತೆಗೆದುಕೊಳ್ಳುವಂತಿಲ್ಲ. ‘ಆಸಕ್ತಿ ಪತ್ರ’ ಎಂದು ಬರೆಸಿಕೊಂಡು 51,000 ಕೇಳಿದರೂ ಅದು ಬುಕಿಂಗೇ. ನೋಂದಾಯಿತ ಕರಾರು ಇಲ್ಲದೆ ಬೆಲೆಯ 10%ಗಿಂತ ಹೆಚ್ಚು ಪಡೆಯುವಂತಿಲ್ಲ. 2023ರ ಆಗಸ್ಟ್‌ನಿಂದ ಮಹಾರೇರಾ (ಮಹಾರಾಷ್ಟ್ರದ ರೇರಾ ಪ್ರಾಧಿಕಾರ) ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದೆ, ಅದನ್ನು ಸ್ಕ್ಯಾನ್ ಮಾಡಿದರೆ ನಕ್ಷೆ, ಮುಗಿಸುವ ದಿನಾಂಕ, ಜಾಗದ ಮೇಲಿನ ಸಾಲ ಎಲ್ಲ ತೆರೆಯುತ್ತದೆ. ಹಳೆಯ ನಮೂನೆಯ ನೋಂದಣಿ ಸಂಖ್ಯೆಯಾದರೆ ರಾಯಗಡ ಜಿಲ್ಲೆಯದು ಪಿ520ರಿಂದ ಶುರು, ಪುಣೆಯದು ಪಿ521ರಿಂದ. ಇಮ್ಯಾಜಿಕಾ ಇರುವುದು ರಾಯಗಡದ ಖಾಲಾಪುರ ತಾಲೂಕಿನಲ್ಲಿ, ಅಲ್ಲಿನ ಯೋಜನೆಗೆ ಪಿ521 ತೋರಿಸಿದರೆ ಅದು ಬೇರೆ ಯೋಜನೆಯ ಸಂಖ್ಯೆ.

ಜಾಗದ ಸಾತ್‌ಬಾರಾ ಉತಾರಾ (ನಮ್ಮ ಪಹಣಿಯಂಥ ಜಮೀನು ದಾಖಲೆ) ಮಹಾಭೂಲೇಖ್ ಎಂಬ ಸರ್ಕಾರಿ ಜಾಲತಾಣದಲ್ಲಿ ತೆಗೆಯಿರಿ. ಮಾಲೀಕರ ಹೆಸರಿಗಿಂತ ‘ಇತರ ಹಕ್ಕು’ಗಳ ಕಾಲಂ ಗಮನವಿಟ್ಟು ಓದಿ. ಸಾಲ, ಗೇಣಿ, ಆದಿವಾಸಿ ಜಮೀನಿನ ನಿರ್ಬಂಧ ಎಲ್ಲವೂ ಅಲ್ಲೇ ಸಿಗುತ್ತದೆ. ಖಾಲಾಪುರದಲ್ಲಿ ಕಾತಕರಿ, ಠಾಕರ್ ಸಮುದಾಯಗಳ ಜಮೀನು ಇದೆ. ಆದಿವಾಸಿಯಲ್ಲದವರಿಗೆ ಅದು ಹೋಗಬೇಕಾದರೆ ಭೂಕಂದಾಯ ಸಂಹಿತೆಯ 36ಎ ಪ್ರಕಾರ ಮೊದಲೇ ಅನುಮತಿ ಬೇಕು. ಆ ಅನುಮತಿ ಇಲ್ಲದ ವ್ಯವಹಾರ ಎಷ್ಟು ಕೈ ಬದಲಾದರೂ ನಿಲ್ಲುವುದಿಲ್ಲ. ಅಲ್ಲಿ ಅನ್ಯಾಯ ಆಗುವುದು ಕೊಂಡವರಿಗೆ ಮಾತ್ರ ಅಲ್ಲ ಎಂಬುದೂ ನೆನಪಿರಲಿ.

‘ಖಚಿತ 9%’ ಎಂಬುದೇ ದೊಡ್ಡ ಅಪಾಯದ ಗುರುತು. ಅನೇಕರ ಹಣ ಒಟ್ಟುಗೂಡಿಸಿ, ತಾನೇ ನಡೆಸಿ, ಆದಾಯ ಕೊಡುತ್ತೇನೆ ಎಂದರೆ ಅದು ಷೇರುಪೇಟೆ ನಿಯಂತ್ರಕ ಸೆಬಿಯ ಕಾಯ್ದೆಯ 11ಎಎ ಪ್ರಕಾರ ಸಾಮೂಹಿಕ ಹೂಡಿಕೆ ಯೋಜನೆ ಆಗಬಹುದು, ಅದಕ್ಕೆ ಸೆಬಿ ನೋಂದಣಿ ಬೇಕು. ಮುಂಬೈಯವರಿಗೆ ಪ್ಯಾನ್‌ಕಾರ್ಡ್ ಕ್ಲಬ್ಸ್ ಪ್ರಕರಣ ನೆನಪಿರಬೇಕು. ಹೋಟೆಲ್ ‘ರೂಮ್ ನೈಟ್’ ಮಾರುತ್ತೇವೆ ಎಂದು, ಬಳಸದಿದ್ದರೆ ಅವಧಿ ಮುಗಿದಾಗ ಹೆಚ್ಚಿನ ಮೊತ್ತ ಕೊಡುತ್ತೇವೆ ಎಂದು ಹಣ ಎತ್ತಿದರು. ಅದು ನೋಂದಣಿಯಿಲ್ಲದ ಹೂಡಿಕೆ ಯೋಜನೆ ಎಂದು ಸೆಬಿ 2016ರಲ್ಲಿ ಆದೇಶ ಮಾಡಿತು, ಮೊತ್ತ 7,035 ಕೋಟಿ. ರಾತ್ರಿ ಬಳಸುವವರಿಗಿಂತ ಹಣ ವಾಪಸ್ ಬಯಸುವವರೇ ಯೋಜನೆಯ ಗಿರಾಕಿಗಳಾದರೆ ಅದು ರಜೆಯ ವ್ಯಾಪಾರ ಅಲ್ಲ.

ಬರೀ ಸದಸ್ಯತ್ವದ ಟೈಮ್‌ಶೇರ್‌ಗೆ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಸಿಗುವುದು ಬಳಸುವ ಹಕ್ಕು ಮಾತ್ರ, ಸ್ಥಿರಾಸ್ತಿಯಲ್ಲಿ ಪಾಲಿಲ್ಲ. ಫ್ಲಾರಿಡಾದ ಡಿಸ್ನಿ ವೆಕೇಶನ್ ಕ್ಲಬ್‌ನಲ್ಲಿ ಕೊಳ್ಳುವವರಿಗೆ ಕರಾರಿನ ಅವಧಿಗೆ ಸ್ಥಿರಾಸ್ತಿ ಹಕ್ಕೇ ಸಿಗುತ್ತದೆ, 1991ರಲ್ಲಿ ಶುರುವಾದ ಮೊದಲ ರೆಸಾರ್ಟ್‌ನ ಮೂಲ ಕರಾರು 2042ರ ಜನವರಿಗೆ ಮುಗಿಯುತ್ತದೆ, ನಡುವೆ ಮರುಮಾರಾಟಕ್ಕೆ ಮಾರುಕಟ್ಟೆಯೂ ಇದೆ. ಆ ಮಾದರಿ ತೋರಿಸಿ ಇಲ್ಲಿನ ಸದಸ್ಯತ್ವ ಮಾರುವವರನ್ನು ನಂಬಬೇಡಿ. ಸಹಿ ಮಾಡುವ ಮೊದಲು ರದ್ದು ಮಾಡುವ ಅವಧಿ ಎಷ್ಟು ದಿನ, ದಿನ ಎಣಿಸುವುದು ಹಣ ಕಟ್ಟಿದಂದಿನಿಂದಲೋ ಕಾಗದ ಕೈಸೇರಿದಂದಿನಿಂದಲೋ ಎಂದು ಲಿಖಿತವಾಗಿ ಕೇಳಿ. ಮಾಲ್‌ನಲ್ಲಿ ಗಿಫ್ಟ್ ವೋಚರ್ ಕೊಟ್ಟು ಸಂಜೆಯೇ ಕಾರ್ಡ್ ಉಜ್ಜಿಸಿದರೆ, ರದ್ದತಿಯನ್ನು ಇಮೇಲ್‌ನಲ್ಲೂ ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿ, ಫೋನ್‌ನಲ್ಲಿ ಹೇಳಿದರೆ ದಾಖಲೆ ಉಳಿಯುವುದಿಲ್ಲ. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಜಿಲ್ಲೆಯಲ್ಲೇ ದಾಖಲಿಸಬಹುದು.

ಮುಲುಂಡ್_ಶೆಟ್ರು:

ವಕೀಲರು ಹೇಳಿದ್ದಕ್ಕೆ ಒಂದೇ ಸೇರ್ಪಡೆ. ‘ಮುಂದಿನ ದೀಪಾವಳಿಗೆ ಕೀಲಿ ಕೊಡ್ತೇವೆ’ ಎಂದು ಯಾರಾದರೂ ಹೇಳಿದರೆ ಜಾಗಕ್ಕೆ ಹೋಗಿ ನೋಡಿ. ಆ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಪಾಯದ ಕೆಲಸ ಹೆಚ್ಚುಕಮ್ಮಿ ನಿಲ್ಲುತ್ತದೆ, ಅಗೆದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಮೇ ಕೊನೆಗೆ ನೆಲಮಟ್ಟದ ತೊಲೆ ಬಿದ್ದಿಲ್ಲ ಎಂದರೆ ಒಂದು ಇಡೀ ಮಳೆಗಾಲ ಹೋದ ಹಾಗೆ. ಗುಡ್ಡದ ಇಳಿಜಾರಿನ ಜಾಗವಾದರೆ ಇನ್ನೂ ಎಚ್ಚರ. ಇರ್ಶಾಲ್‌ವಾಡಿಯ ಮೇಲೆ 2023ರ ಜುಲೈನಲ್ಲಿ ಗುಡ್ಡ ಕುಸಿದದ್ದು ಇದೇ ಖಾಲಾಪುರ ತಾಲೂಕಿನಲ್ಲಿ. ಮಣ್ಣು ಪರೀಕ್ಷೆಯ ವರದಿ, ತಡೆಗೋಡೆಯ ವಿನ್ಯಾಸ ಎರಡನ್ನೂ ಕೇಳಿ ಪಡೆಯಿರಿ. ಕೊಡುವುದಿಲ್ಲ ಎಂದರೆ ಅಲ್ಲಿಂದ ಎದ್ದು ಬನ್ನಿ.