ಸರ್ಕಾರಕ್ಕೆ ದುಡ್ಡಿಲ್ಲ ಅಂದಾಗ ಮೊದಲು ನಿಲ್ಲೋದು ನೇಮಕಾತಿಯೇ ಯಾಕೆ?

ಪ್ರಶ್ನೆ: ಸಿಂಧನೂರಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿದ್ದು 2019ರಲ್ಲಿ. ಮುಗಿಸಿದ ಕೂಡಲೇ ಧಾರವಾಡಕ್ಕೆ ಹೋಗಿ ಸಪ್ತಾಪುರದಲ್ಲಿ ರೂಮು ಹಿಡಿದೆ. ನಮ್ಮ ಭಾಗದ ಹುಡುಗರು ಸರ್ಕಾರಿ ಕೆಲಸಕ್ಕೆ ಓದೋದು ಅಂದರೆ ಅಲ್ಲಿಗೇ ಹೋಗೋದು. ಬೆಳಿಗ್ಗೆ ಲೈಬ್ರರಿ ಬಾಗಿಲು ತೆಗೆಯೋ ಮೊದಲೇ ಹೊರಗೆ ಬ್ಯಾಗು ಸಾಲಾಗಿ ಇಟ್ಟು ಜಾಗ ಹಿಡೀತಿದ್ದೆವು. ಮಧ್ಯಾಹ್ನ ಖಾನಾವಳಿಯಲ್ಲಿ ಊಟ, ರಾತ್ರಿ ಮತ್ತೆ ಓದು. ಸಂವಿಧಾನದ 371ಜೆ ವಿಧಿ ಬಂದು ನಮ್ಮ ಭಾಗದವರಿಗೆ ಮೀಸಲಾತಿ ಸಿಕ್ಕ ಮೇಲೆ ಕಲ್ಯಾಣ ಕರ್ನಾಟಕದ ಹುದ್ದೆ ನಮಗೇ ಸಿಗುತ್ತೆ ಅನ್ನೋ ಧೈರ್ಯ ಬೇರೆ ಇತ್ತು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯ್ತು. ಪುಸ್ತಕ ಗೋಣಿಚೀಲಕ್ಕೆ ತುಂಬಿಕೊಂಡು ಊರಿಗೆ ಬಂದೆ. ಆಮೇಲೆ ಆರ್ಥಿಕ ಇಲಾಖೆಯವರು ಆ ವರ್ಷ ಹೊಸ ನೇಮಕಾತಿ ಬೇಡ ಅಂದುಬಿಟ್ಟರು. ನನ್ನ ರೂಮ್‌ಮೇಟ್ ಒಬ್ಬ ಬೆಂಗಳೂರಿಗೆ ಹೋಗಿ ಪಾರ್ಸೆಲ್ ಹಂಚೋ ಕೆಲಸ ಹಿಡಿದ. ಇನ್ನೊಬ್ಬ ಅಪ್ಪನ ಗದ್ದೆಗೆ ವಾಪಸ್ ಹೋದ. ನಾನು ಈಗ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡ್ತಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ಕಂಪನಿಗಳು ಕೆಲಸ ಕೊಡದೇ ಇರುವ ಹೊತ್ತಲ್ಲೇ ಸರ್ಕಾರ ಮುಂದೆ ಬಂದು ಕೊಡಬೇಕು ಅಲ್ವಾ? ಅರ್ಥಶಾಸ್ತ್ರಜ್ಞ ಕೇನ್ಸ್ ಹೀಗೆ ಹೇಳಿದ್ದ ಅಂತ ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಅದೇ ಸಮಯಕ್ಕೆ ನಮ್ಮೂರಲ್ಲಿ ಫೀಸು ಕಟ್ಟಲಾಗದೆ ಎಷ್ಟೋ ಮನೆಯವರು ಮಕ್ಕಳನ್ನ ಸರ್ಕಾರಿ ಶಾಲೆಗೆ ಸೇರಿಸಿದರು. ಮಕ್ಕಳು ಜಾಸ್ತಿ ಆದರು, ಮೇಷ್ಟ್ರು ಜಾಸ್ತಿ ಆಗಲಿಲ್ಲ. ಬಜೆಟ್ ಭಾಷಣದಲ್ಲಿ ಮಾತ್ರ ಪ್ರತಿ ವರ್ಷ ಶಿಕ್ಷಣಕ್ಕೆ ಇಷ್ಟು ಸಾವಿರ ಕೋಟಿ ಅಂತ ಕೇಳ್ತೀವಿ. ಆ ದುಡ್ಡು ಎಲ್ಲಿಗೆ ಹೋಗುತ್ತೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿವೃತ್ತ ಲೆಕ್ಕಾಧಿಕಾರಿ, ಶಿವಮೊಗ್ಗ

ತಮ್ಮಾ, ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ನಾನು ಸರ್ವಿಸ್ ಪೂರ್ತಿ ಬಿಲ್ಲು, ಚಲನ್, ಬಜೆಟ್ ಪುಸ್ತಕ ನೋಡಿದವನು. ಸ್ವಲ್ಪ ಉದ್ದ ಆಗುತ್ತೆ, ಓದಿ.

2020ರ ಮಾರ್ಚ್ 5ಕ್ಕೆ ಯಡಿಯೂರಪ್ಪನವರು ಬಜೆಟ್ ಮಂಡಿಸಿದರು. ಗಾತ್ರ 2,37,893 ಕೋಟಿ ರೂಪಾಯಿ. ರಾಜಸ್ವ ಲೆಕ್ಕದಲ್ಲಿ, ಅಂದರೆ ದಿನನಿತ್ಯದ ಆದಾಯ-ಖರ್ಚಿನ ಲೆಕ್ಕದಲ್ಲಿ, ಖರ್ಚೆಲ್ಲ ಕಳೆದು 143 ಕೋಟಿ ಉಳಿಯುತ್ತೆ ಅಂತ ಅಂದಾಜು. ಅಷ್ಟು ದೊಡ್ಡ ಗಾತ್ರಕ್ಕೆ 143 ಕೋಟಿ ಅಂದರೆ ಏನೂ ಅಲ್ಲ. ಕೈ ಮೊದಲೇ ಬಿಗಿ ಇತ್ತು. ಮೂರು ವಾರ ಕಳೆಯೋದರೊಳಗೆ ದೇಶವೇ ಬಾಗಿಲು ಹಾಕಿತು.

ರಾಜ್ಯಕ್ಕೆ ಸ್ವಂತ ದುಡ್ಡು ಬರೋದು ಎಲ್ಲಿಂದ? ಜಿಎಸ್‌ಟಿ ಮತ್ತು ಪೆಟ್ರೋಲ್-ಡೀಸೆಲ್ ಮೇಲಿನ ತೆರಿಗೆ, ಅಬಕಾರಿ, ನೋಂದಣಿ ಮತ್ತು ಮುದ್ರಾಂಕ, ವಾಹನ ತೆರಿಗೆ. ಈ ನಾಲ್ಕೂ ಒಟ್ಟಿಗೆ ನಿಂತವು. ಅಂಗಡಿ ಬಂದ್, ಬಸ್ಸು ಬಂದ್, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಜನವಿಲ್ಲ. ಮೇ 4ಕ್ಕೆ ಮದ್ಯದಂಗಡಿ ತೆರೆಸಿದರು. ಬಜೆಟ್‌ನಲ್ಲಿ ಏರಿಸಿದ್ದ ಶೇ. 6ರ ಮೇಲೆ ಇನ್ನೂ ಶೇ. 11 ಅಬಕಾರಿ ಸುಂಕ ಏರಿಸಿದರು. ಆಸ್ಪತ್ರೆಗೆ, ಅಕ್ಕಿಗೆ, ಸಂಬಳಕ್ಕೆ ದುಡ್ಡು ಬೇಕಿತ್ತು. ಬೇರೆ ಯಾವ ದಾರಿಯಲ್ಲೂ ಅಷ್ಟು ಬೇಗ ದುಡ್ಡು ಬರ್ತಿರಲಿಲ್ಲ.

ಸಾಲ ಮಾಡಬಹುದಿತ್ತಲ್ಲ ಅಂತೀರಿ. ಇಲ್ಲೇ ತೊಡಕು ಇರೋದು. ಕೇಂದ್ರ ಸರ್ಕಾರಕ್ಕೆ ಇರುವ ಸ್ವಾತಂತ್ರ್ಯ ರಾಜ್ಯಕ್ಕೆ ಇಲ್ಲ. ರಾಜ್ಯ ನೋಟು ಮುದ್ರಿಸೋಕೆ ಆಗಲ್ಲ. ಕೇಂದ್ರದ ಸಾಲ ಬಾಕಿ ಇದ್ದರೆ, ಹೊಸ ಸಾಲಕ್ಕೆ ಸಂವಿಧಾನದ 293(3)ನೇ ವಿಧಿಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ಅದರ ಜೊತೆಗೆ ನಮ್ಮದೇ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಇದೆ. ವಿತ್ತೀಯ ಕೊರತೆ, ಅಂದರೆ ಆ ವರ್ಷ ಸಾಲ ಮಾಡಿ ತುಂಬಬೇಕಾದ ಮೊತ್ತ, ರಾಜ್ಯದ ಒಟ್ಟು ಉತ್ಪನ್ನದ ಶೇ. 3 ದಾಟಬಾರದು ಅಂತ ಅದರಲ್ಲಿದೆ. 2020ರ ಮೇನಲ್ಲಿ ಕೇಂದ್ರ ರಾಜ್ಯಗಳ ಸಾಲದ ಮಿತಿಯನ್ನ ಆ ಒಂದು ವರ್ಷಕ್ಕೆ ಶೇ. 3ರಿಂದ ಶೇ. 5ಕ್ಕೆ ಏರಿಸಿತು. ಆದರೆ ಏರಿಸಿದ್ದರಲ್ಲಿ ಅರ್ಧ ಪರ್ಸೆಂಟ್ ಮಾತ್ರ ಷರತ್ತಿಲ್ಲದೆ. ಉಳಿದದ್ದಕ್ಕೆ ರೇಷನ್ ಕಾರ್ಡ್, ವಿದ್ಯುತ್, ನಗರಸಭೆ ತೆರಿಗೆ ಅಂತ ಸುಧಾರಣೆಯ ಷರತ್ತುಗಳು. ನಮ್ಮ ರಾಜ್ಯವೂ ಕಾಯ್ದೆ ತಿದ್ದಿ ಸಾಲ ಎತ್ತಿತು. ಜಿಎಸ್‌ಟಿಯಿಂದ ರಾಜ್ಯಗಳಿಗೆ ಆದ ತೆರಿಗೆ ನಷ್ಟ ತುಂಬಿಕೊಡಬೇಕಿದ್ದ ಪರಿಹಾರದ ಬಾಕಿಯನ್ನ ಕೇಂದ್ರ ತಾನು ಸಾಲ ಎತ್ತಿ ರಾಜ್ಯಗಳಿಗೆ ದಾಟಿಸಿತು. ಅದಕ್ಕೂ ತಿಂಗಳುಗಟ್ಟಲೆ ಜಗ್ಗಾಟ ನಡೀತು.

ಇನ್ನು ಖರ್ಚಿನ ಕಡೆ ನೋಡಿ. ಸಂಬಳ, ಪಿಂಚಣಿ, ಬಡ್ಡಿ. ಇವುಗಳಿಗೆ ಬದ್ಧ ವೆಚ್ಚ ಅಂತಾರೆ. ತಿಂಗಳು ತುಂಬಿದರೆ ಕೊಡಲೇಬೇಕು. ನಮ್ಮ ತುಟ್ಟಿಭತ್ಯೆಯ ಕಂತುಗಳನ್ನೇ 2020ರ ಜನವರಿಯಿಂದ ಒಂದೂವರೆ ವರ್ಷ ತಡೆದರು. ಇರುವ ನೌಕರನನ್ನ ತೆಗೆಯೋಕೆ ಆಗಲ್ಲ, ಕೋರ್ಟಿಗೆ ಹೋಗ್ತಾನೆ, ಸಂಘ ಇದೆ. ಆದರೆ ಖಾಲಿ ಹುದ್ದೆಗೆ ಸಂಘ ಇಲ್ಲ. ಭರ್ತಿ ಆಗದ ಹುದ್ದೆ ಧರಣಿ ಕೂರಲ್ಲ. ಯಾರ ಸಂಬಳವನ್ನೂ ಕತ್ತರಿಸದೆ, ಯಾರ ಬೈಗುಳವನ್ನೂ ತಿನ್ನದೆ ದುಡ್ಡು ಉಳಿಸುವ ದಾರಿ ಅದೊಂದೇ. ಅದಕ್ಕೇ ಫೈಲು ಆರ್ಥಿಕ ಇಲಾಖೆಯ ಸಹಮತಿಗೆ ಹೋದಾಗ ಮೊದಲು ನಿಲ್ಲೋದು ನೇಮಕಾತಿಯೇ.

ಇಲಾಖೆಯವರ ಭಯವೂ ಸುಳ್ಳಲ್ಲ. ರಸ್ತೆ ಕೆಲಸ ಒಂದು ವರ್ಷ ನಿಲ್ಲಿಸಬಹುದು. ಇವತ್ತು ಒಬ್ಬ ಮೇಷ್ಟ್ರನ್ನ ತೆಗೆದುಕೊಂಡರೆ ಮೂವತ್ತು ವರ್ಷದ ಸಂಬಳಕ್ಕೆ ಮಾತು ಕೊಟ್ಟಂತೆ. ಆದರೂ ನನಗೆ ಅನ್ನಿಸೋದು ಇದು: ಆ ಭಯವನ್ನ ಶಾಲೆಯ ಮೇಲೆ ಹಾಕಬಾರದು. ರಸ್ತೆ ಮುಂದಿನ ವರ್ಷ ಮಾಡಬಹುದು. ಆರನೇ ಕ್ಲಾಸಿನ ಹುಡುಗ ಮುಂದಿನ ವರ್ಷ ಏಳನೇ ಕ್ಲಾಸಿಗೆ ಹೋಗಿರ್ತಾನೆ.

ಉತ್ತರ: ಅತಿಥಿ ಉಪನ್ಯಾಸಕಿ, ಹೊಸದುರ್ಗ

ಸರ್ ಹೇಳಿದ್ದಕ್ಕೆ ನನ್ನದೊಂದು ಮಾತು ಸೇರಿಸ್ತೀನಿ. ಹುದ್ದೆ ಖಾಲಿ ಬಿಟ್ಟರೆ ತರಗತಿ ಖಾಲಿ ಬಿಡೋಕೆ ಆಗುತ್ತಾ? ಯಾರೋ ಒಬ್ಬರು ಪಾಠ ಮಾಡಲೇಬೇಕು. ಆ ಯಾರೋ ಒಬ್ಬರು ನಾವು.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳ್ತೀನಿ. 2020ರ ಹೊತ್ತಿಗೆ ಯುಜಿಸಿ ಅರ್ಹತೆ (ನೆಟ್, ಸೆಟ್ ಅಥವಾ ಪಿಎಚ್.ಡಿ.) ಇದ್ದವರಿಗೆ ತಿಂಗಳಿಗೆ 13,000, ಇಲ್ಲದವರಿಗೆ 11,000. ಅದೂ ಪಾಠ ನಡೆದ ತಿಂಗಳಿಗೆ ಮಾತ್ರ. ಲಾಕ್‌ಡೌನ್ ಆದಾಗ ವಾಟ್ಸ್ಆ್ಯಪ್‌ನಲ್ಲಿ ನೋಟ್ಸ್ ಕಳಿಸಿ, ಫೋನಿನಲ್ಲಿ ವಿಡಿಯೊ ಮಾಡಿ ಅಂದರು, ಮಾಡಿದೆವು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗೋದು ತಾರಸಿ ಮೇಲೆ ಮಾತ್ರ. ನೀರಿನ ಟ್ಯಾಂಕಿಗೆ ಫೋನು ಆನಿಸಿಟ್ಟು ರಾಷ್ಟ್ರೀಯ ವರಮಾನದ ಪಾಠ ಹೇಳಿದ್ದೀನಿ. ಆ ತಿಂಗಳುಗಳ ದುಡ್ಡು ಬರೋ ಹೊತ್ತಿಗೆ ಕಿರಾಣಿ ಅಂಗಡಿಯಲ್ಲಿ ಸಾಲದ ಚೀಟಿ ಉದ್ದ ಆಗಿತ್ತು. ಅಂಗಡಿಯವರು ಒಳ್ಳೆಯವರು, ಕೇಳಲಿಲ್ಲ. ನಾನೇ ಆ ರಸ್ತೆಯಲ್ಲಿ ಹೋಗೋದು ಬಿಟ್ಟಿದ್ದೆ.

2021ರ ಡಿಸೆಂಬರ್‌ನಲ್ಲಿ ರಾಜ್ಯದ ತುಂಬ ಅತಿಥಿ ಉಪನ್ಯಾಸಕರು ಪಾಠ ನಿಲ್ಲಿಸಿ ಹೋರಾಟಕ್ಕೆ ಇಳಿದರು. ಮುಂದಿನ ಜನವರಿಯಲ್ಲಿ ಗೌರವಧನ ಏರಿತು. ಅರ್ಹತೆ, ಅನುಭವ ನೋಡಿ 26,000ದಿಂದ 32,000ದವರೆಗೆ. ಅದು ದೊಡ್ಡ ವಿಷಯ, ಇಲ್ಲ ಅನ್ನಲ್ಲ. ಆದರೆ ಜೊತೆಗೆ ವಾರಕ್ಕೆ 15 ಗಂಟೆ ಪಾಠ ಅಂತ ಮಾಡಿದರು. ಇಬ್ಬರು ಹಂಚಿಕೊಳ್ಳುತ್ತಿದ್ದ ಗಂಟೆ ಒಬ್ಬರಿಗೆ ಹೋಯ್ತು. ನನ್ನ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಿದ್ದ ಗೆಳತಿಗೆ ಆ ವರ್ಷ ಕೆಲಸ ಸಿಗಲಿಲ್ಲ. ಅವಳಿಗೆ ಇಬ್ಬರು ಮಕ್ಕಳು.

ಬಜೆಟ್ ಭಾಷಣದಲ್ಲಿ ನಮ್ಮ ಲೆಕ್ಕ ಬರಲ್ಲ. ಉನ್ನತ ಶಿಕ್ಷಣಕ್ಕೆ ಇಷ್ಟು ಕೋಟಿ ಅಂತ ಬರುತ್ತೆ. ಅದರಲ್ಲಿ ಕಾಯಂ ಎಷ್ಟು ಜನ, ನಮ್ಮಂಥವರು ಎಷ್ಟು ಜನ ಅಂತ ಯಾರಾದರೂ ಸದನದಲ್ಲಿ ಕೇಳಿದರೆ ಮಾತ್ರ ಹೊರಗೆ ಬರುತ್ತೆ.

ಉತ್ತರ: ಪಂಚಾಯಿತಿ ಕಡೆಯವನು, ಗದಗ ಜಿಲ್ಲೆ

ಕೆಲಸ ಕೊಡಲೇ ಇಲ್ಲ ಅನ್ನೋದು ಪೂರ್ತಿ ಸರಿಯಲ್ಲ. 2020ರಲ್ಲಿ ಕೆಲಸ ಕೊಟ್ಟಿದ್ದು ಉದ್ಯೋಗ ಖಾತ್ರಿ. ನಮ್ಮ ರಾಜ್ಯದ ಕೂಲಿ ಆ ಏಪ್ರಿಲ್‌ಗೆ 249ರಿಂದ 275 ರೂಪಾಯಿ ಆಯ್ತು. ಕೇಂದ್ರ ಬಜೆಟ್‌ನಲ್ಲಿ ಇಟ್ಟಿದ್ದರ ಮೇಲೆ 40,000 ಕೋಟಿ ಹೆಚ್ಚುವರಿ ಕೊಟ್ಟರು. ಆಗ ಕೂಲಿ ಪೂರ್ತಿ ಕೇಂದ್ರದ್ದು, ಸಾಮಗ್ರಿ ಖರ್ಚಿನಲ್ಲಿ ಕಾಲು ಭಾಗ ರಾಜ್ಯದ್ದು ಇತ್ತು. ಹಾಗಾಗಿ ರಾಜ್ಯದ ಖಜಾನೆ ಖಾಲಿ ಇದ್ದರೂ ಅದು ನಡೀತು.

ಬೆಂಗಳೂರು, ಗೋವಾದಿಂದ ವಾಪಸ್ ಬಂದವರೆಲ್ಲ ಜಾಬ್ ಕಾರ್ಡಿಗೆ ಅರ್ಜಿ ಹಾಕಿದರು. ಬೆಳಿಗ್ಗೆ ಬದು ಹಾಕೋ ಜಾಗಕ್ಕೆ ಹೋದರೆ ಎನ್‌ಎಂಆರ್ ಅನ್ನೋ ಹಾಜರಿ ಹಾಳೆಯಲ್ಲಿ ಹೆಬ್ಬೆಟ್ಟು ಒತ್ತುವವರ ಮಧ್ಯೆ ಇಂಗ್ಲಿಷಿನಲ್ಲಿ ಚೆಂದಗೆ ಸಹಿ ಹಾಕುವ ಹುಡುಗರು. ಒಬ್ಬನನ್ನ ಕೇಳಿದೆ, ಬಿ.ಎಡ್. ಅಂದ. ಗುದ್ದಲಿ ಹಿಡಿದು ಅಂಗೈ ಬೊಬ್ಬೆ ಬಂದಿತ್ತು, ಕರವಸ್ತ್ರ ಸುತ್ತಿಕೊಂಡಿದ್ದ. ಅದೇ ಹೊತ್ತಿಗೆ ಊರಲ್ಲಿ ವಿದ್ಯಾಗಮ ನಡೀತಿತ್ತು. ಗುಡಿ ಕಟ್ಟೆ ಮೇಲೆ, ಸಮುದಾಯ ಭವನದಲ್ಲಿ ಮಕ್ಕಳನ್ನ ಕೂರಿಸಿ ಇದ್ದ ಕೆಲವೇ ಮೇಷ್ಟ್ರು ಓಣಿಯಿಂದ ಓಣಿಗೆ ತಿರುಗುತ್ತಿದ್ದರು. ಅಕ್ಟೋಬರ್‌ನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು.

ಬದು ಹಾಕಿದ್ದು ವ್ಯರ್ಥ ಅಲ್ಲ, ಹೊಲದಲ್ಲಿ ನೀರು ನಿಂತಿದೆ. ಆದರೆ ಬಿ.ಎಡ್. ಓದಿದ ಹುಡುಗನಿಗೆ ಅದೇ 275 ರೂಪಾಯಿ ಕೊಟ್ಟು ಅದೇ ಗುಡಿ ಕಟ್ಟೆ ಮೇಲೆ ಪಾಠ ಹೇಳಿಸೋಕೆ ಯೋಜನೆಯಲ್ಲಿ ಜಾಗ ಇರಲಿಲ್ಲ. ಮಣ್ಣಿನ ಕೆಲಸಕ್ಕೆ ಕಾನೂನು ಇದೆ, ಅಕ್ಷರದ ಕೆಲಸಕ್ಕೆ ಇಲ್ಲ. ನನಗೆ ಇವತ್ತಿಗೂ ಸಂಕಟ ಆಗೋದು ಅದಕ್ಕೇ.

ಉತ್ತರ: ಸ್ಯಾಕ್ರಮೆಂಟೊ ಕನ್ನಡತಿ

ಇಲ್ಲಿ ಇದೇ ಕಷ್ಟ ಬೇರೆ ಥರ ಬರುತ್ತೆ. 2009ರ ಆರ್ಥಿಕ ಕುಸಿತದಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಬಿಲ್ಲಿಗೆ ದುಡ್ಡಿಲ್ಲದೆ ಜುಲೈನಲ್ಲಿ "ಮುಂದೆ ಕೊಡ್ತೀವಿ" ಅಂತ ಚೀಟಿ ಬರೆದುಕೊಟ್ಟಿತು. ಇಲ್ಲಿ ಇರುವ ಟೀಚರ್‌ಗಳನ್ನೇ ತೆಗೀತಾರೆ. ಮುಂದಿನ ವರ್ಷ ಕೆಲಸ ಇಲ್ಲದೇ ಇರಬಹುದು ಅಂತ ಮಾರ್ಚ್ 15ರೊಳಗೆ ನೋಟಿಸ್ ಕೊಡಬೇಕು ಅಂತ ಕಾನೂನು. ನನ್ನ ಮಗಳ ಟೀಚರ್‌ಗೂ ಬಂದಿತ್ತು. ನೋಟಿಸ್ ಬಂದಿದ್ದು ಎಲ್ಲರಿಗೂ ಕಾಣುತ್ತೆ, ಹಾಗಾಗಿ ಅಪ್ಪ ಅಮ್ಮಂದಿರು ಬೀದಿಗೆ ಬಂದರು. ಆ ವರ್ಷ ಒಬಾಮಾ ಸರ್ಕಾರ ರಾಜ್ಯಗಳಿಗೆ ಶಾಲೆ ಉಳಿಸಿಕೊಳ್ಳೋಕೆ ಅಂತಲೇ ಹಣ ಕೊಟ್ಟಿತು. 2012ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸೇಲ್ಸ್ ಟ್ಯಾಕ್ಸ್ ಸ್ವಲ್ಪ, ಶ್ರೀಮಂತರ ಆದಾಯ ತೆರಿಗೆ ಜಾಸ್ತಿ ಮಾಡೋಣವೇ ಅಂತ ಜನರನ್ನೇ ಮತಕ್ಕೆ ಕೇಳಿದರು. ಜನ ಹೂಂ ಅಂದರು. ನಮ್ಮೂರಲ್ಲೂ ಖಾಲಿ ಹುದ್ದೆ ಹೀಗೆ ಜನರ ಕಣ್ಣಿಗೆ ಬೀಳುವ ಹಾಗಿದ್ದಿದ್ದರೆ ಚೆನ್ನಾಗಿತ್ತು.

ಸಿಂಧನೂರಿನ ಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಹೊಸದುರ್ಗದ ಅಕ್ಕ ಬರೆದದ್ದನ್ನ ನನ್ನ ರೂಮ್‌ಮೇಟ್‌ಗೂ ಕಳಿಸಿದೆ. ಲೆಕ್ಕಾಧಿಕಾರಿ ಸರ್, ಒಂದು ಕೊನೆಯ ಪ್ರಶ್ನೆ. 2022ರ ಮೇನಲ್ಲಿ ಆರರಿಂದ ಎಂಟನೇ ಕ್ಲಾಸಿಗೆ 15,000 ಶಿಕ್ಷಕರ ನೇಮಕಾತಿ ಪರೀಕ್ಷೆ ನಡೆಸಿದರು. ನಾನೂ ಬರೆದೆ, ಆಗಲಿಲ್ಲ. ಆಮೇಲೆ ಯುವನಿಧಿ ಬಂತು, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000. ಅದು 2022-23ರಲ್ಲಿ ಪಾಸಾದವರಿಂದ ಶುರು, ನಮ್ಮ ಬ್ಯಾಚಿಗೆ ಇಲ್ಲ. ಇನ್ನು ಮುಂದಿನ ಬಜೆಟ್ ಬಂದಾಗ ನಿಜವಾಗಿ ಹುದ್ದೆ ತುಂಬುತ್ತಾರೋ ಇಲ್ಲವೋ ಅಂತ ಮೊದಲೇ ತಿಳಿಯೋದು ಹೇಗೆ? ಭಾಷಣ ನಂಬಿ ಮತ್ತೆ ಧಾರವಾಡಕ್ಕೆ ರೂಮು ಬಾಡಿಗೆ ಕಟ್ಟೋ ಶಕ್ತಿ ನನಗಿಲ್ಲ.

ನಿವೃತ್ತ ಲೆಕ್ಕಾಧಿಕಾರಿ, ಶಿವಮೊಗ್ಗ

ಭಾಷಣ ಬದಿಗಿಡಿ. ಬಜೆಟ್ ಪುಸ್ತಕಗಳನ್ನ ಆರ್ಥಿಕ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕ್ತಾರೆ, ಕನ್ನಡದಲ್ಲೂ ಇರುತ್ತೆ. 2202 ಅನ್ನೋ ಲೆಕ್ಕ ಶೀರ್ಷಿಕೆ ಹುಡುಕಿ, ಅದು ಸಾಮಾನ್ಯ ಶಿಕ್ಷಣ. ಅದರೊಳಗೆ 01 ಪ್ರಾಥಮಿಕ, 02 ಪ್ರೌಢ. ಪ್ರತಿ ಸಾಲಿನಲ್ಲೂ ಹಿಂದಿನ ವರ್ಷದ ನಿಜವಾದ ಲೆಕ್ಕ, ಈ ವರ್ಷದ ಬಜೆಟ್ ಅಂದಾಜು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಅಂತ ಅಕ್ಕಪಕ್ಕ ಇರುತ್ತೆ. ಸಂಬಳದ ಸಾಲಿನಲ್ಲಿ ಪರಿಷ್ಕೃತ ಅಂದಾಜು ಬಜೆಟ್ ಅಂದಾಜಿಗಿಂತ ತುಂಬ ಕಡಿಮೆ ಇದ್ದರೆ, ಅಂದುಕೊಂಡಷ್ಟು ಜನರನ್ನ ತೆಗೆದುಕೊಂಡಿಲ್ಲ ಅಂತ ಅನುಮಾನ ಪಡಬಹುದು. ಮುಂದಿನ ವರ್ಷದ ಅಂದಾಜು ತುಟ್ಟಿಭತ್ಯೆ, ವಾರ್ಷಿಕ ವೇತನ ಬಡ್ತಿಯಷ್ಟು ಮಾತ್ರ ಏರಿದ್ದರೆ, ಹೊಸ ಮೇಷ್ಟ್ರ ಸಂಬಳ ಅದರಲ್ಲಿ ಇಲ್ಲ ಅಂತ ತಿಳೀರಿ. ಭಾಷಣದಲ್ಲಿ ಎಷ್ಟೇ ಸಾವಿರ ಹುದ್ದೆ ಅಂದಿದ್ದರೂ ಸರಿ.

ಎರಡನೇದು, ಆರ್ಥಿಕ ಇಲಾಖೆಯ ಸಹಮತಿ ಸಿಕ್ಕಿದೆಯಾ ಅಂತ ಕೇಳಿ. ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಸಾಕು. ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು, ನೇಮಕಾತಿಗೆ ಸಹಮತಿ ಕೊಟ್ಟ ಆದೇಶದ ಪ್ರತಿ. ನಿಮ್ಮ ರಾಯಚೂರು ಜಿಲ್ಲೆಯದ್ದು ಬೇರೆಯಾಗಿ, ವಿಷಯವಾರು ಕೇಳಿ. ಉತ್ತರ ಬಂದರೆ ನಿಮ್ಮ ಶಾಸಕರ ಕೈಗೆ ಒಂದು ಪ್ರತಿ ಕೊಡಿ, ಅಧಿವೇಶನಕ್ಕೆ ಮೊದಲೇ ಕೊಡಿ. ಸದನದಲ್ಲಿ ಪ್ರಶ್ನೆ ಬಂದರೆ ಇಲಾಖೆ ಲಿಖಿತ ಉತ್ತರ ಕೊಡಲೇಬೇಕು.

ಅರ್ಜಿ ಬರೆದು ಇಲ್ಲಿ ಹಾಕಿ, ನಾನು ನೋಡಿ ತಿದ್ದಿಕೊಡ್ತೀನಿ. ಹೊಸದುರ್ಗದ ತಂಗಿ, ನೀವೂ ಅತಿಥಿ ಉಪನ್ಯಾಸಕರ ಲೆಕ್ಕಕ್ಕೆ ಒಂದು ಬರೀರಿ, ಅದು 2202ರಲ್ಲೇ 03ರ ಕೆಳಗೆ ಬರುತ್ತೆ.